ಬೂದಿಯೋ, ಡಾಕ್ಟರೋ

ದೇವರು ಮನುಷ್ಯನಿಗೆ ತುಟಿ ಕೊಟ್ಟದ್ದು ಮಾತನಾಡಲಿಕ್ಕೆ ಎಂದು ಬಹಳ ಜನ ತಿಳಿದಿದ್ದಾರೆ. ಹಲ್ಲು ಮುಚ್ಚಿಕೊಳ್ಳಲಿಕ್ಕೆ ಎಂಬುದು ನನ್ನ ಅನುಭವ. ಮೂವತ್ತು ದಾಟುವ ಹೊತ್ತಿಗೆ ನಾನು ಈ ವಿದ್ಯೆಯಲ್ಲಿ ಎಷ್ಟು ಪಳಗಿದ್ದೆನೆಂದರೆ, ನಗು ಬಂದರೆ ಮೂಗಿನಿಂದ ಬಿಡುತ್ತಿದ್ದೆ, ಆಕಳಿಕೆ ಬಂದರೆ ಗೋಡೆಯ ಕಡೆ ತಿರುಗುತ್ತಿದ್ದೆ, ಫೋಟೋ ತೆಗೆಸುವಾಗ ಯಾರೋ ಸತ್ತ ಸುದ್ದಿ ಈಗಷ್ಟೇ ಕೇಳಿದವನ ಹಾಗೆ ಕೂರುತ್ತಿದ್ದೆ. ಆಗ ಜೇವರ್ಗಿಯಲ್ಲಿ ಗುಮಾಸ್ತನಾಗಿದ್ದ ನನ್ನನ್ನು ಕಚೇರಿಗೆ ಬರುವ ಹಳ್ಳಿಯ ಜನ "ಭಾಳ ಗಂಭೀರ ಮನಷ್ಯಾ" ಎಂದು ಹೊಗಳುತ್ತಿದ್ದರು. ಅದು ಗಾಂಭೀರ್ಯವಲ್ಲ, ಎಲೆ ಅಡಿಕೆ. ಬೆಳಗಿನಿಂದ ಸಂಜೆಯವರೆಗೆ ಚಹಾ, ಚಹಾದ ಮೇಲೆ ಎಲೆ, ಎಲೆಯ ಮೇಲೆ ಮತ್ತೆ ಚಹಾ. ನಾನು ಇಷ್ಟು ನಿಯಮದಿಂದ ಮಾಡಿದ ಕೆಲಸ ಬೇರೊಂದಿಲ್ಲ. ಅದರ ಫಲವಾಗಿ ನನ್ನ ಹಲ್ಲುಗಳು ಕಾಚಿನ ಬಣ್ಣಕ್ಕೆ ತಿರುಗಿ, ಬುಡದಲ್ಲಿ ಧೋತರದ ಅಂಚಿನ ಹಾಗೆ ಒಂದು ಕರಿ ಗೆರೆ ಕಟ್ಟಿಕೊಂಡಿದ್ದವು.

ನನಗೆ ಹೆಣ್ಣು ನೋಡಲು ಶುರು ಮಾಡುವ ತನಕ ಇದರಿಂದ ಯಾರಿಗೂ ತೊಂದರೆ ಇರಲಿಲ್ಲ. ಅಪ್ಪ ತೀರಿಕೊಂಡು, ತಂಗಿಯರ ಮದುವೆಗಳು ಮುಗಿದು, ನನ್ನ ಸರದಿ ಬರುವ ಹೊತ್ತಿಗೆ ತಲೆಯ ಮುಂಭಾಗದ ಕೂದಲು ಕಾದು ಕಾದು ಬೇಸತ್ತು ಹೊರಟುಹೋಗಿತ್ತು. ಆದರೂ ಸರಕಾರಿ ನೌಕರಿ ಎಂಥ ಬೋಳು ತಲೆಯನ್ನೂ ಮುಚ್ಚುತ್ತದೆ ಎಂಬ ಧೈರ್ಯದಿಂದ ಕೊಳಕೂರಿನ ನನ್ನ ಸೋದರಮಾವ ಆಳಂದದ ಕಡೆ ಒಂದು ಹೆಣ್ಣು ಗೊತ್ತು ಮಾಡಿದರು. ಹೋದೆವು, ಅವಲಕ್ಕಿ ತಿಂದೆವು, ಬಂದೆವು. ಕೆಲವು ದಿನ ಬಿಟ್ಟು ಮಾವ ಉತ್ತರ ತಂದರು. ಚಪ್ಪಲಿ ಬಿಡುವ ಮೊದಲೇ ಹೇಳಿಬಿಟ್ಟರು: "ಹುಡುಗನ ನೌಕರಿ ಛಲೋ ಅದ, ಮನಿತನ ಛಲೋ ಅದ. ಖರೆ ಬಾಯಿ ತೆಗದ್ರ ಅಡ್ಕಿ ಅಂಗಡಿ ಕಂಡಂಗ ಆಗ್ತದ ಅಂದಳಂತ ಹುಡುಗಿ." ಅವ್ವ ಒಲೆಯ ಮುಂದಿನಿಂದ ಎದ್ದು ಬಂದು ತಮ್ಮನ ಮೇಲೆಯೇ ಹರಿಹಾಯ್ದಳು. "ಅಲ್ಲಿ ಅವನ್ನ ಯಾಕ ನಗಸಿದ್ಯೋ ನೀ?" ತಪ್ಪು ನಿಜಕ್ಕೂ ಮಾವನದೇ. ಹೆಣ್ಣಿನ ಮನೆಯಲ್ಲಿ ಕೂತು ಅವರು ತಮ್ಮ ಎಮ್ಮೆ ಕಳೆದುಹೋದ ಕಥೆ ಹೇಳಿದ್ದರು. ನಾನು ಮೈಮರೆತು ನಕ್ಕಿದ್ದೆ.

ಮಾವ ಸೋಲುವವರಲ್ಲ. ಅಫಜಲಪುರ ತಾಲೂಕಿನ ಕರಜಗಿಯಲ್ಲಿ ಇನ್ನೊಂದು ಮನೆತನ ಹುಡುಕಿದರು. ನೀರಾವರಿ ಹೊಲ, ಕಬ್ಬು ಬೆಳೆಯುವವರು, ಮಗಳ ಹೆಸರು ಶಾಂತಾಬಾಯಿ. ಹೆಸರು ಕೇಳಿದ ಕೂಡಲೇ ನನ್ನ ಎದೆ ಒಮ್ಮೆ ಹಾರಿತು. ಈಕೆಯನ್ನು ನಾನು ಇಜೇರಿಯ ಒಂದು ಮದುವೆಯಲ್ಲಿ ನೋಡಿ, ಹೆಸರು ಊರು ಕೇಳಿ ತಿಳಿದುಕೊಂಡಿದ್ದೆ. ಪಂಕ್ತಿಯಲ್ಲಿ ಬಡಿಸುತ್ತ, ತುಪ್ಪ ಸಾಕೆಂದು ಎಲೆಗೆ ಅಡ್ಡ ಹಿಡಿದ ಒಬ್ಬರ ಕೈಯ ಮೇಲೆಯೇ ತುಪ್ಪ ಸುರಿದು, ಮುಂದಿನ ಎಲೆಯವರೆಗೂ ನಗುತ್ತಲೇ ಹೋಗಿದ್ದಳು. ಆ ನಗು ನನ್ನ ಮನಸ್ಸಿನಲ್ಲಿ ಕೂತುಬಿಟ್ಟಿತ್ತು. ಇವಳೂ ಬೇಡವೆಂದರೆ ಇನ್ನು ಯಾರ ಮನೆಗೂ ಹೋಗಿ ಅವಲಕ್ಕಿ ತಿನ್ನುವುದಿಲ್ಲ ಎಂದು ನಿಶ್ಚಯಿಸಿಕೊಂಡೆ. ಅಂದರೆ ಎಲ್ಲವೂ ಹಲ್ಲಿನ ಮೇಲೆ ನಿಂತಿತ್ತು.

ಅಲ್ಲಿಂದ ಎರಡು ಪಕ್ಷಗಳು ಎದ್ದವು. ಅವ್ವನದು ಬೂದಿ ಪಕ್ಷ. "ಡಾಕ್ಟರ ಯಾಕ ಬೇಕೋ? ಅವ ಮಷೀನ ಹಚ್ಚಿ ಹಲ್ಲಿಗಿ ತೂತು ಮಾಡಿ ಕಳಸ್ತಾನ. ಸಗಣಿ ಕುಳ್ಳಿನ ಬೂದಿ ಸೋಸಿ ಕೊಡ್ತೇನಿ, ಉಪ್ಪು ಕೂಡಿಸಿ ತಿಕ್ಕು. ನಿಮ್ಮಪ್ಪನ ಹಲ್ಲು ಕಡೀತನಾ ಕಬ್ಬಿಣ ಇದ್ದಂಗ ಇದ್ದವು." ಅಪ್ಪನ ಹಲ್ಲು ಕಬ್ಬಿಣದಷ್ಟು ಗಟ್ಟಿಯಾಗಿದ್ದದ್ದು ನಿಜ. ಬಣ್ಣವೂ ಕಬ್ಬಿಣದ್ದೇ ಆಗಿತ್ತು ಎಂದು ನಾನು ನೆನಪಿಸಲು ಹೋಗಲಿಲ್ಲ. ಕಚೇರಿಯಲ್ಲಿ ನನ್ನ ಪಕ್ಕದ ಮೇಜಿನ ಇಸ್ಮಾಯಿಲ್ ಸಾಹೇಬರದು ಡಾಕ್ಟರ್ ಪಕ್ಷ. "ಅರೆ, ಈ ಜಮಾನಾದಾಗ ಬೂದಿ ತಿಕ್ಕತೀರೇನ್ರಿ? ಸೀದಾ ಕಲಬುರ್ಗಿಗಿ ಹೋಗ್ರಿ. ಕುರ್ಚಿ ಮ್ಯಾಲ ಕುಂದರಸ್ತಾರ, ಬಿಲಕುಲ್ ಸಾಫ್ ಮಾಡಿ ಕಳಸ್ತಾರ. ನಮ್ಮ ಅಳಿಯ ಮಾಡಿಸ್ಯಾನ, ಅಂವ ನಕ್ರ ಮನ್ಯಾಗ ಲೈಟ್ ಹಚ್ಚೂದು ಬ್ಯಾಡ." ಅಳಿಯ ಯಾಕೆ ಅಷ್ಟು ನಗುತ್ತಾನೆಂದು ಕೇಳುವ ಶಕ್ತಿ ನನ್ನಲ್ಲಿರಲಿಲ್ಲ. ನನಗೆ ದಣಿವಾಗುವುದು ಕೆಲಸದಿಂದ ಅಲ್ಲ, ಸಲಹೆಯಿಂದ.

ಎರಡು ಅಭಿಪ್ರಾಯ ಬಂದ ಕಡತವನ್ನು ಕೆಳಗಿಟ್ಟು ಮೇಲೊಂದು ಕಲ್ಲು ಹೇರುವುದು ನನ್ನ ಸ್ವಭಾವ. ಹಲ್ಲನ್ನು ಹಾಗೆ ಇಡಲಾಗುವುದಿಲ್ಲವಲ್ಲ! ಹತ್ತಿರದ್ದು ಮೊದಲು ಎಂದು ಬೂದಿಗೆ ಒಪ್ಪಿದೆ. ಅವ್ವ ಸುಮ್ಮನಿದ್ದಿದ್ದರೆ ಅಷ್ಟಕ್ಕೇ ಮುಗಿಯುತ್ತಿತ್ತು. ಆದರೆ ಆಕೆ ನೀರು ತರಲು ಹೋದಲ್ಲಿ ವಿಷಯ ತೆಗೆದಳು. ನಮ್ಮ ಓಣಿಯಲ್ಲಿ ಜ್ವರ ಬಂದರೆ ಒಬ್ಬರು ತಿರುಗಿ ನೋಡುವುದಿಲ್ಲ, ಹಲ್ಲು ಬೆಳ್ಳಗೆ ಮಾಡುವುದೆಂದರೆ ಮನೆಗೊಬ್ಬರು ವೈದ್ಯರು. ಒಬ್ಬಾಕೆ ಜಾಲಿ ಇದ್ದಲಿಯನ್ನು ಕುಟ್ಟಿ ಪುಡಿ ಮಾಡಿ ಕೊಟ್ಟಳು. ಒಬ್ಬಾಕೆ ಕುಸುಬಿ ಎಣ್ಣೆಯಲ್ಲಿ ಉಪ್ಪು ಕಲಸಿ ತಂದಳು. ಹಿಂದಿನ ಮನೆಯ ನಿವೃತ್ತ ಮಾಸ್ತರರು ನಿಂಬೆಹಣ್ಣಿನ ಸಿಪ್ಪೆಗೆ ತಿನ್ನುವ ಸೋಡಾ ಹಚ್ಚಿ ತಿಕ್ಕಲು ಹೇಳಿದರು. ಅವರ ಬಾಯಲ್ಲಿ ಒಂದೂ ಹಲ್ಲಿರಲಿಲ್ಲ ಎಂಬುದು ನನಗೆ ಹೊಳೆದದ್ದು ತಿಕ್ಕಿದ ಮೇಲೆ. ಯಾರಿಗೂ ಇಲ್ಲವೆನ್ನಲಾರದೆ ಎಲ್ಲವನ್ನೂ ಹಚ್ಚಿದೆ. ಬೆಳಗ್ಗೆ ಕರಿ, ಸಂಜೆ ಬಿಳಿ, ನಡುವೆ ಬೇವಿನ ಕಡ್ಡಿ. ವಸಡು ಬಾತುಕೊಂಡಿತು. ಜೋಳದ ರೊಟ್ಟಿಯನ್ನು ಹಾಲಿನಲ್ಲಿ ನೆನೆಹಾಕಿ ಕೂಸಿನ ಹಾಗೆ ತಿನ್ನುವಂತಾಯಿತು. ಹಲ್ಲಿನ ಬಣ್ಣ ಮಾತ್ರ ಮೊದಲಿನದೇ. ಅವ್ವ ಒಲೆಯ ಬೆಳಕಿಗೆ ನನ್ನ ಮುಖ ಎತ್ತಿ ಹಿಡಿದು, "ಸ್ವಲ್ಪ ಬೆಳ್ಳಗಾಗ್ಯಾದ ನೋಡು" ಎಂದಳು. ಬೆಳ್ಳಗಾದದ್ದು ಹಸಿವೆಯಿಂದ ನನ್ನ ಮುಖ.

ಕರಜಗಿಗೆ ಹೋಗುವ ದಿನ ಹತ್ತಿರ ಬಂದಾಗ, ಕಚೇರಿಯ ಕೆಲಸವೆಂದು ಅವ್ವನಿಗೆ ಸುಳ್ಳು ಹೇಳಿ ಕಲಬುರ್ಗಿಯ ಬಸ್ಸು ಹತ್ತಿದೆ. ದಂತ ವೈದ್ಯರ ಬೆಂಚಿನ ಮೇಲೆ ಗಲ್ಲ ಬಾತವರು, ದವಡೆಗೆ ಟವೆಲ್ ಕಟ್ಟಿಕೊಂಡವರು ಸಾಲಾಗಿ ಕೂತು ನರಳುತ್ತಿದ್ದರು. ಪಕ್ಕದಲ್ಲಿದ್ದ ಹೆಣ್ಣುಮಗಳು, "ನಿಮಗ ಯಾವ ಹಲ್ಲು ಬ್ಯಾನಿ ಆಗಾಕತ್ತದ್ರಿ?" ಎಂದು ಕರುಣೆಯಿಂದ ಕೇಳಿದಳು. "ಯಾವುದೂ ಇಲ್ಲರಿ, ಬೆಳ್ಳಗ ಆಗಬೇಕಾಗ್ಯಾದ" ಎಂದೆ. ಇಡೀ ಬೆಂಚು ನರಳುವುದನ್ನು ನಿಲ್ಲಿಸಿ ನನ್ನನ್ನು ನೋಡಿತು. ಭೂಮಿ ಬಾಯಿಬಿಡಬಾರದೇ ಅನ್ನಿಸಿತು.

ಒಳಗೆ ಡಾಕ್ಟರು ಬಾಯೊಳಗೆ ಬಗ್ಗಿ ನೋಡಿ ಗಾಬರಿಯಾದರು. "ಏನ್ ಹಚ್ಚಿ ತಿಕ್ಕೀರಿ ಇವಕ್ಕ?" ನಾನು ಒಂದೊಂದಾಗಿ ಹೇಳಿದೆ. "ಹಿತ್ತಾಳಿ ಕೊಡಕ್ಕೂ ಇಷ್ಟು ಹಚ್ಚಂಗಿಲ್ಲರಿ. ಮ್ಯಾಲಿನ ಪದರ ಸವದಾದ. ನಾ ಕಿಟ್ಟ ತೆಗದು ಪಾಲೀಶ್ ಮಾಡ್ತೇನಿ, ಬೆಳ್ಳಗ ಆಗ್ತಾವ. ಖರೆ ಸ್ವಲ್ಪ ದಿವಸ ತಣ್ಣಂದು, ಸಿಹಿ, ಹುಳಿ ತಡಿಯಂಗಿಲ್ಲ. ಗಟ್ಟಿ ಅಂತೂ ಕಡಿಯಲೇಬ್ಯಾಡ್ರಿ" ಎಂದರು. ಆಮೇಲೆ ಮಷೀನು ಗುಂಯ್‌ಗುಟ್ಟಿತು. ನಾನು ಕಣ್ಣು ಮುಚ್ಚಿ ಇಜೇರಿಯ ಪಂಕ್ತಿಯನ್ನು ನೆನೆಯುತ್ತ ಮಲಗಿದೆ. ಕೊನೆಗೆ ಕನ್ನಡಿ ಕೈಗೆ ಬಂತು. ಬೇರೆ ಯಾರದೋ ಬಾಯಿ ನನ್ನ ಮುಖದಲ್ಲಿತ್ತು. ಮನೆಗೆ ಬಂದರೆ ಅವ್ವ, "ನೋಡಿದೇನು, ಬೂದಿ ಹ್ಯಾಂಗ ಹಿಡೀತು! ತಡಾ ಆಗ್ತದ ಖರೆ ಬಿಡಂಗಿಲ್ಲ" ಎಂದಳು. ಮರುದಿನ ಇಸ್ಮಾಯಿಲ್ ಸಾಹೇಬರು ತಮ್ಮ ಪಕ್ಷ ಗೆದ್ದ ಖುಷಿಗೆ ಕಚೇರಿಗೆಲ್ಲ ಚಹಾ ಹೇಳಿದರು. ನನಗೆ ಅದನ್ನು ಕುಡಿಯಲಾಗಲಿಲ್ಲ. ಎರಡೂ ಪಕ್ಷ ಗೆದ್ದಿದ್ದವು, ಸೋತದ್ದು ಹಲ್ಲು. ಗಾಳಿ ತಾಗಿದರೂ ಜುಮ್ಮೆಂದು ನೆತ್ತಿಗೇರುತ್ತಿತ್ತು.

ಕರಜಗಿಗೆ ಬಸ್ಸಿನಲ್ಲಿ ಟವೆಲಿನಿಂದ ಬಾಯಿ ಮುಚ್ಚಿಕೊಂಡೇ ಹೋದೆ. ಅವರ ಮನೆಯ ಪಡಸಾಲೆಯಲ್ಲಿ ಕೂತ ಮೇಲೆ ಮಾತ್ರ ಧಾರಾಳವಾಗಿ ನಕ್ಕೆ. ಮಾವ ಎಮ್ಮೆಯ ಕಥೆ ತೆಗೆದರೂ ಹೆದರಲಿಲ್ಲ. ಎಲ್ಲ ಸುಸೂತ್ರವಾಗಿ ನಡೆದಿತ್ತು. ಕಂಬಕ್ಕೆ ಒರಗಿ ಕೂತ ಹುಡುಗಿಯ ಅಜ್ಜಿ ಮಾತ್ರ ನನ್ನಿಂದ ಕಣ್ಣು ಕೀಳಲಿಲ್ಲ. ಮೊದಲು ನನ್ನ ತಲೆ ನೋಡಿದಳು, ಆಮೇಲೆ ಹಲ್ಲು, ಮತ್ತೆ ತಲೆ. ಕಡೆಗೆ ಮಗನ ಕಿವಿಯಲ್ಲಿ ಗುಟ್ಟು ಹೇಳಿದಳು. ಆಕೆಗೆ ಕಿವಿ ಮಂದ. ಹಾಗಾಗಿ ಗುಟ್ಟು ಹಿತ್ತಲಿಗೂ ಕೇಳಿಸಿತು. "ತಲಿ ನೋಡಿದ್ರ ವಯಸ್ಸು ದಾಟ್ಯಾದ. ಹಲ್ಲು ನೋಡಿದ್ರ ಸಣ್ಣ ಹುಡುಗನಂಗ ಅವ. ಇವು ಹುಟ್ಟಿದ ಹಲ್ಲಲ್ಲೋ, ಕಟ್ಟಿಸಿದ್ದವು!"

ಹುಡುಗಿಯ ತಂದೆ ನಾಚಿಕೆಯಿಂದ ನೆಲ ನೋಡಿದರು. ಮಾವ ದನಿ ಎತ್ತರಿಸಿ, "ಬಸವಣ್ಣನ ಆಣಿ ಮಾಡಿ ಹೇಳ್ತೇನಿ ಆಯಿ, ಹುಟ್ಟಿದ ಹಲ್ಲೇ ಅವು" ಎಂದರು. "ಆಣಿ ಗೀಣಿ ಬ್ಯಾಡಪ್ಪ. ನನ್ನ ತಂಗಿಗಿ ನೋಡಾಕ ಬಂದಾಗೂ ಹಿಂಗ ಆಣಿ ಮಾಡಿದ್ರು. ಮದವಿ ಆದ ಮ್ಯಾಲ ರಾತ್ರಿ ಹಲ್ಲು ತೆಗದು ನೀರಾಗ ಇಟ್ಟ ಮುದುಕ" ಎಂದಳು ಅಜ್ಜಿ. ಅಷ್ಟಕ್ಕೇ ಬಿಡಲಿಲ್ಲ. ಆಕೆಯೇ ಮೊಣಕಾಲು ಹಿಡಿದು ಎದ್ದು ಹೋಗಿ, ಆಗಷ್ಟೇ ಹೊಲದಿಂದ ಬಂದ ಕಬ್ಬಿನ ಹೊರೆಯಿಂದ ಒಂದು ಜಲ್ಲೆ ಮುರಿದು ತಂದು ನನ್ನ ಮುಂದಿಟ್ಟಳು. "ತಗೋ ತಮ್ಮಾ. ನಮ್ಮ ಹೊಲದ್ದು. ಹಲ್ಲಿಲೆ ಸುಲದು ತಿನ್ನು."

ಗಟ್ಟಿ, ತಣ್ಣಗೆ, ಸಿಹಿ. ಡಾಕ್ಟರು ಬೇಡವೆಂದದ್ದೆಲ್ಲ ಒಂದೇ ಜಲ್ಲೆಯಲ್ಲಿತ್ತು. ತಲೆ ಎತ್ತಿದರೆ ಅಡುಗೆಮನೆಯ ಬಾಗಿಲ ಮರೆಯಲ್ಲಿ ಶಾಂತಾಬಾಯಿ ನಿಂತಿದ್ದಳು, ನನ್ನನ್ನೇ ನೋಡುತ್ತಿದ್ದಳು. ಕಚ್ಚಿದೆ. ನೋವು ಹಲ್ಲಿನಿಂದ ಕಿವಿಗೆ, ಕಿವಿಯಿಂದ ಬೆನ್ನಿಗೆ, ಅಲ್ಲಿಂದ ಹಿಮ್ಮಡಿಗೆ ಇಳಿಯಿತು. ಸಿಪ್ಪೆ ಸೀಳಿ ರಸ ಬಂದಾಗಲಂತೂ ಜೀವ ಹೋಗಿ ಬಂದಂತಾಯಿತು. ಆದರೂ ಬಿಡಲಿಲ್ಲ. ಒಂದೊಂದೇ ಗಣ್ಣು ಮುರಿದು, ಅಗಿದು, ಉಗುಳಿ ಮುಗಿಸಿದೆ. ಕಣ್ಣಲ್ಲಿ ನೀರು ಧಾರಾಕಾರ. "ಯಾಕೋ ತಮ್ಮಾ, ಕಣ್ಣಾಗ ನೀರ್ಯಾಕ?" ಎಂದಳು ಅಜ್ಜಿ. "ಭಾಳ ಸಿಹಿ ಅದ ಆಯಿ" ಎಂದೆ. ಅಜ್ಜಿಯ ಮುಖ ಅರಳಿತು. "ಹುಟ್ಟಿದ ಹಲ್ಲೇ ಅವ! ಪಾಪ, ಕಬ್ಬು ಕಂಡೇ ಇಲ್ಲ ಕೂಸು. ಇನ್ನೊಂದು ಕೊಡ್ರಿ ಅವಗ!"

ಆ ಇನ್ನೊಂದನ್ನೂ ತಿಂದೆ. ಬೇಸಿಗೆ ಕಳೆಯುವ ಮೊದಲೇ ಮದುವೆಯಾಯಿತು. ಎಲೆ ಅಡಿಕೆ ಬಿಡುತ್ತೇನೆಂದು ಮಾತು ಕೊಟ್ಟಿದ್ದೆ. ಮಾತು ಕೊಟ್ಟಷ್ಟೇ ಸುಲಭವಾಗಿ ಮರೆತೂ ಬಿಟ್ಟೆ. ವರ್ಷ ತುಂಬುವುದರೊಳಗೆ ಹಲ್ಲುಗಳು ತಮ್ಮ ಹಳೆಯ ಬಣ್ಣಕ್ಕೆ ಮರಳಿದವು. ಶಾಂತಾ ಅದರ ಬಗ್ಗೆ ಚಕಾರವೆತ್ತಲಿಲ್ಲ. ಇದು ನನ್ನನ್ನು ಎಷ್ಟೋ ವರ್ಷ ಕೊರೆಯಿತು. ಬಿಳಿ ಹಲ್ಲು ನೋಡಿ ಒಪ್ಪಿದವಳಿಗೆ ಮೋಸ ಮಾಡಿದೆನೇನೋ ಎಂಬ ಅಳುಕು. ಮೊನ್ನೆ ಊಟಕ್ಕೆ ಕೂತಾಗ ಧೈರ್ಯ ಮಾಡಿ ಕೇಳಿಯೇಬಿಟ್ಟೆ. ಅವಳು ರೊಟ್ಟಿ ಬಡಿಯುವುದನ್ನು ನಿಲ್ಲಿಸದೆ ಹೇಳಿದಳು:

"ನಿಮ್ಮ ಹಲ್ಲು ಯಾರ್ ನೋಡ್ಯಾರ್ರಿ? ನಿಮಗ ಬ್ಯಾನಿ ಆಗಾಕತ್ತಿದ್ದು ಬಾಗಲದಾಗ ನಿಂತ ನನಗ ಕಾಣಾಕತ್ತಿತ್ತು. ಆದ್ರೂ ಮಾತಾಡಲಾರದ ಎರಡೂ ತಿಂದು, ಮ್ಯಾಲ ಸಿಹಿ ಅದ ಅಂದ್ರಿ. ನನಗ ಆವಾಗ ಅಡಗಿ ಬರ್ತಿದ್ದಿಲ್ಲ. ಈ ಮನಷ್ಯಾ ಏನ್ ಹಾಕಿದ್ರೂ ತಿಂತಾನ ಅಂತ ಹೂಂ ಅಂದೆ."

ನಾನು ತಟ್ಟೆ ನೋಡಿದೆ. ಬದನೆಕಾಯಿ ಪಲ್ಯಕ್ಕೆ ಅಂದೂ ಉಪ್ಪು ಎರಡು ಸಲ ಬಿದ್ದಿತ್ತು.

"ಪಲ್ಯ ಹ್ಯಾಂಗ ಆಗ್ಯಾದ್ರಿ?" ಎಂದಳು.

"ಭಾಳ ಛಲೋ ಆಗ್ಯಾದ" ಎಂದೆ.