ನಲವತ್ತೇಳು ಸೇಬುಗಳ ಸಮರ

ಯುಗಗಳಲ್ಲೆಲ್ಲ ಕಹಿಯಾದ ಯುಗವೊಂದು ಬಂದಿತ್ತು. ಬಲ್ಲವರು ಅದನ್ನು ರಕ್ತಪರೀಕ್ಷಾಯುಗವೆಂದು ಕರೆದರು. ಆ ಯುಗದಲ್ಲಿ ಮನುಷ್ಯನ ಭವಿಷ್ಯವನ್ನು ನಕ್ಷತ್ರಗಳು ಹೇಳುತ್ತಿರಲಿಲ್ಲ, ಬೆರಳತುದಿಯ ಒಂದು ಹನಿ ನೆತ್ತರು ಹೇಳುತ್ತಿತ್ತು. ಮದುವೆಮನೆಗಳಲ್ಲಿ ಲಾಡಿನ ಬುಟ್ಟಿ ಹಿಡಿದು ಹೊರಟವರು, ಎಲೆಯ ಮೇಲೆ ಅಂಗೈಯನ್ನೇ ಗುರಾಣಿಯಾಗಿ ಅಡ್ಡ ಹಿಡಿದ ವೀರರ ಸಾಲನ್ನು ದಾಟಿ, ತುಂಬಿದ ಬುಟ್ಟಿಯೊಂದಿಗೇ ಹಿಂದಿರುಗುತ್ತಿದ್ದರು.

ಅಂಥ ಯುಗದಲ್ಲಿ, ಕಬ್ಬಿನ ಗದ್ದೆಗಳೇ ದಿಗಂತವಾದ ಮಂಡ್ಯದ ಸೀಮೆಯಲ್ಲಿ, ಮೂವತ್ತು ವರ್ಷ ಆಲೆಮನೆ ನಡೆಸಿ, ಕೊಪ್ಪರಿಗೆಯಲ್ಲಿ ಕುದಿಯುವ ಕಬ್ಬಿನ ಹಾಲಿನ ಹದವನ್ನು ಮೂಗಿನಿಂದಲೇ ಅಳೆಯಬಲ್ಲ ಇಕ್ಷುರಸಸಾರ್ವಭೌಮ, ಅಚ್ಚುಬೆಲ್ಲಚಕ್ರವರ್ತಿ ಚಲುವೇಗೌಡನೆಂಬ ಗೃಹಸ್ಥನಿದ್ದನು. ಅವನ ಮಗನೇ ಈ ಗಾಥೆಯ ನಾಯಕ ಹರ್ಷೇಂದ್ರ. ಮೈಸೂರಿನ ಹಾಸ್ಟೆಲ್‌ವಾಸಿ, ರಸಾಯನಶಾಸ್ತ್ರದ ಎಂಎಸ್ಸಿ ಎರಡನೆಯ ವರ್ಷವೆಂಬ ಕೋಟೆಯ ಕಾವಲುಗಾರ, ಹಾಸ್ಟೆಲ್ ಲೈಬ್ರರಿಯ ಹರಿದ ಪುಸ್ತಕಗಳನ್ನೆಲ್ಲ ಓದಿ ಮುಗಿಸಿ, ಬೇಳೆ ಬೇಯಲು ಎಷ್ಟು ಸೀಟಿ ಬೇಕೆಂಬ ಒಂದನ್ನು ಮಾತ್ರ ತಿಳಿಯದೆ ಉಳಿದ ಸಕಲವಿದ್ಯಾಪಾರಂಗತ. ಮನೆಯವರ ಬಾಯಲ್ಲಿ ಬರೀ ಅರ್ಸ.

ಸಮರದ ಕಾರಣ ಇಷ್ಟು. ನಾಲೆ ಏರಿಯ ಮೇಲೆ ಮೊಪೆಡ್ ಜಾರಿ ಚಲುವೇಗೌಡನ ಬಲಗಾಲು ಹಿಮ್ಮಡಿಯ ಮೇಲೆ ಮುರಿಯಿತು. ಕಾಲು ಕಟ್ಟಿಸಿಕೊಳ್ಳಲು ಹೋದವನ ರಕ್ತವನ್ನೂ ಆಸ್ಪತ್ರೆಯವರು ನೋಡಿದರು. ಮುನ್ನೂರ ಹನ್ನೆರಡು! ಬೆಲ್ಲವನ್ನು ನಾಡಿಗೆಲ್ಲ ಹಂಚಿದವನು ತಾನೂ ಒಂದಿಷ್ಟು ಇಟ್ಟುಕೊಂಡಿದ್ದು ಹೀಗೆ ಬಯಲಾಯಿತು. ಡಾಕ್ಟರು ಎರಡು ಮಾತ್ರೆ ಬರೆದುಕೊಟ್ಟು, ತೀರ್ಪಿನ ದಿನವನ್ನೂ ಗೊತ್ತುಮಾಡಿದರು. ಹತ್ತು ದಿನ ಬಿಟ್ಟು ಬರುವ ಸೋಮವಾರ ಖಾಲಿ ಹೊಟ್ಟೆಯಲ್ಲಿ ನೂರೈವತ್ತರ ಒಳಗೆ ಇಳಿದಿದ್ದರೆ ಮಾತ್ರೆಯಲ್ಲೇ ಸಾಗಲಿ, ಇಳಿಯದಿದ್ದರೆ ದಿನಾ ಇಂಜೆಕ್ಷನ್. ಕುದಿಯುವ ಪಾಕಕ್ಕೆ ಬೆರಳದ್ದಿ ಹದ ನೋಡುತ್ತಿದ್ದ ಆ ಧೀರನು ಸೂಜಿ ಕಂಡರೆ ಕಣ್ಣುಮುಚ್ಚಿ ಮನೆದೇವರ ಹೆಸರು ಹೇಳುತ್ತಿದ್ದನು.

ಆಮೇಲೆ ನೆಂಟರು ಬಂದರು. ಕಾಲು ಮುರಿದವನಿಗೆ ಸೇಬು ಏಕೆಂದು ಅವರಲ್ಲಿ ಒಬ್ಬರೂ ಯೋಚಿಸಲಿಲ್ಲ. ಕಾಯಿಲೆಯವರನ್ನು ನೋಡಲು ಹೋಗುವುದೆಂದರೆ ಸೇಬು ಒಯ್ಯುವುದು, ಅಷ್ಟೆ. ಮದ್ದೂರಿನ ಸೋದರತ್ತೆ ಆರು ತಂದಳು, ಪಾಂಡವಪುರದ ಷಡ್ಡಕ ಎಂಟು ತಂದ, ಹಳೆಯ ಆಲೆಮನೆಯ ಆಳುಗಳು ಕೂಡಿ ಹನ್ನೆರಡು ತಂದರು, ಮಿಕ್ಕವರು ಮೂರು ನಾಲ್ಕರಂತೆ ತಂದರು. ಬಿಳಿ ಜಾಲರಿಯ ಕವಚ ತೊಟ್ಟು, ಹಣೆಗೆ ಚೀಟಿಯ ತಿಲಕವಿಟ್ಟು, ಪ್ಲಾಸ್ಟಿಕ್ ಚೀಲಗಳೆಂಬ ರಥಗಳನ್ನೇರಿ ಬಂದ ಆ ರಕ್ತವರ್ಣದ ಸೇನೆ ಟೀವಿಯ ಮೇಲೆ, ಮಿಕ್ಸಿಯ ಪಕ್ಕದಲ್ಲಿ, ದೇವರ ಮನೆಯ ಹೊಸಲಿನವರೆಗೆ ಬೀಡುಬಿಟ್ಟಿತು. ಒಟ್ಟು ನಲವತ್ತೇಳು.

"ಇವ್ನೆಲ್ಲ ಏನ್ ಮಾಡಾದವ್ವ?" ಎಂದು ಚಲುವೇಗೌಡನ ಮಡದಿ ಪುಟ್ಟತಾಯಮ್ಮ ಅತ್ತೆ ನಿಂಗಜ್ಜಿಯನ್ನು ಕೇಳಿದಳು. "ಎಸೆಯಂಗಿಲ್ಲ, ತಿನ್ನೋರಿಲ್ಲ."

ಗೌಡನು ಮಂಚದಲ್ಲಿ ಮುಖ ಊದಿಸಿಕೊಂಡಿದ್ದನು. ಸಪ್ಪೆ ಕಾಫಿಯ ಲೋಟವನ್ನು ದೂರ ತಳ್ಳಿ, "ಇದೇನು ಕಾಪಿನಾ? ಗ್ವಾಡೆ ತೊಳೆದ ನೀರಿದ್ದಂಗದೆ. ನಾಲ್ಕು ದಿವಸ ಆಯ್ತು, ನಾಲಗೆ ಸತ್ತೋಯ್ತು. ಒಂದು ಒಳ್ಳೆ ಲೋಟ ಏನಾದ್ರೂ ಕುಡೀದೆ ನಾನು ಮಾತ್ರೆ ನುಂಗಾಕಿಲ್ಲ, ಹೋಗ್ರಿ" ಎಂದನು.

ಈ ಮಾತು ರಜೆಗೆ ಮನೆಗೆ ಬಂದಿದ್ದ ಹರ್ಷೇಂದ್ರನ ಎದೆಗೆ ನಾಟಿತು. ಹಾಸ್ಟೆಲ್ ಲೈಬ್ರರಿಯ ಹಳೆಯ ಮಾಸಪತ್ರಿಕೆಯೊಂದರಲ್ಲಿ, ಚಳಿದೇಶದವರು ಸೇಬನ್ನು ಮಸಾಲೆಯೊಂದಿಗೆ ಗಂಟೆಗಟ್ಟಲೆ ಕಾಯಿಸಿ, ಸಕ್ಕರೆಯನ್ನೇ ಹಾಕದೆ ಸೈಡರ್ ಎಂಬ ಪಾನೀಯ ಮಾಡುವರೆಂದು ಅವನು ಓದಿದ್ದನು. ತಂದೆಯ ನಾಲಗೆಯ ಉದ್ಧಾರ, ಮಾತ್ರೆಯ ಸುಗಮ ಪ್ರವೇಶ, ಸೇಬುಸೈನ್ಯದ ನಿರ್ನಾಮ, ಮೂರೂ ಒಂದೇ ಏಟಿನಲ್ಲಿ! ಅಡುಗೆಮನೆಯ ನಡುವೆ ನಿಂತು, ಬಲಗೈಯಲ್ಲಿ ಚಾಕು ಎತ್ತಿ ಅವನು ಗರ್ಜಿಸಿದನು:

"ಎಲೈ ಜನನಿಯೇ, ಎಲೈ ಪಿತಾಮಹಿಯೇ, ಕಿವಿಗೊಟ್ಟು ಕೇಳಿರಿ! ಇಂದಿನ ಸೂರ್ಯನು ಕಬ್ಬಿನ ಗರಿಗಳ ಹಿಂದೆ ಇಳಿಯುವ ಮುನ್ನ, ಸಕ್ಕರೆಯ ಒಂದು ಕಾಳೂ ಸೋಕದ, ಆದರೂ ಅಮೃತವನ್ನು ತಲೆತಗ್ಗಿಸುವಂತೆ ಮಾಡುವ ಸೇಬಿನ ಪಾನೀಯವನ್ನು ಕಾಯಿಸಿ ತಂದೆಯ ತುಟಿಗೆ ಮುಟ್ಟಿಸುವೆನು! ತಪ್ಪಿದೆನಾದರೆ ಈ ರಜೆ ಮುಗಿಯುವ ತನಕ ಮನೆಯ ಪಾತ್ರೆಗಳನ್ನೆಲ್ಲ ಈ ಕೈಗಳೇ ಉಜ್ಜಲಿ!"

"ಪಾತ್ರೆ ಈಗ್ಲೇ ಉಜ್ಜಿಕೊಟ್ಬುಡು ಮಗ" ಎಂದಳು ಪುಟ್ಟತಾಯಮ್ಮ. "ಆಮೇಲೆ ಅದೇನ್ ಕಾಯಿಸ್ತೀಯೋ ಕಾಯಿಸ್ಕೊ."

"ಸೇಬ್ನ ಯಾರಾದ್ರೂ ಬೇಯಿಸ್ತಾರೇನ್ಲಾ?" ಎಂದಳು ನಿಂಗಜ್ಜಿ. "ಆಲೂಗೆಡ್ಡೆನಾ ಅದು?"

ಹೀಗೆ ಸ್ವಪಕ್ಷದ ಹರಕೆ ಪಡೆದು ವೀರನು ರಣರಂಗವನ್ನು ಶುದ್ಧಗೊಳಿಸಲು ತೊಡಗಿದನು. ಮೊದಲು ಸಕ್ಕರೆ ಡಬ್ಬಿಯನ್ನು ಸೆರೆಹಿಡಿದು, ಮುಚ್ಚಳಕ್ಕೆ ದಾರ ಬಿಗಿದು, ನಡುಮನೆಯ ಬೀರುವಿನ ನೆತ್ತಿಗೆ ಗಡೀಪಾರು ಮಾಡಿದನು. ಬಿಸ್ಕತ್ತಿನ ಪೊಟ್ಟಣವೂ ಅದೇ ದಾರಿ ಹಿಡಿಯಿತು. ಆಮೇಲೆ ಒಲೆಯ ಸುತ್ತ ಹದ್ದಿನ ಕಣ್ಣು ಹಾಯಿಸಿ, ಶತ್ರುವಿನ ಸುಳಿವೇ ಇಲ್ಲವೆಂದು ಘೋಷಿಸಿದನು. ಒಲೆಯಿಂದ ಒಂದು ಗೇಣು ದೂರದಲ್ಲಿ, ಅವನು ಹುಟ್ಟುವ ಮೊದಲಿನಿಂದಲೂ ಕೂತಲ್ಲೇ ಕೂತಿದ್ದ ಬೆಲ್ಲದ ಡಬ್ಬಿ ಅವನ ಕಣ್ಣಿಗೆ ಬೀಳಲಿಲ್ಲ. ತನ್ನ ಮೂಗು ತನಗೆ ಎಲ್ಲಿ ಕಾಣುತ್ತದೆ?

ಕಾಳಗ ಶುರುವಾಯಿತು. ಒಂದು ಸೇಬು ಕೈಜಾರಿ, ಉರುಳುರುಳಿ, ತಂದೆಯ ಮಂಚದ ಕೆಳಗೆ ತಲೆಮರೆಸಿಕೊಂಡಿತು. ಉಳಿದ ನಲವತ್ತಾರೂ ಹೋಳುಹೋಳಾಗಿ ಹಬ್ಬದ ದೊಡ್ಡ ತಪ್ಪಲೆಯಲ್ಲಿ ಬಿದ್ದವು. ಹೆಬ್ಬೆರಳಿಗೆ ಒಂದು ಗಾಯವೂ ಆಯಿತು. ಗಾಯಕ್ಕೆ ಅರಿಸಿನ ಮೆತ್ತಿಕೊಂಡು ನಾಯಕನು ಮುನ್ನುಗ್ಗಿದನು. ಹೋಳು ಮುಳುಗುವಷ್ಟು ನೀರು ಹೊಯ್ದು, ಚಕ್ಕೆ, ಲವಂಗ, ಜಜ್ಜಿದ ಶುಂಠಿ, ಚೂರು ಜಾಯಿಕಾಯಿ, ಒಂದು ಕಿತ್ತಳೆಯ ಸಿಪ್ಪೆ, ಇಷ್ಟನ್ನೂ ಬಟ್ಟೆಯಲ್ಲಿ ಗಂಟುಕಟ್ಟಿ ಇಳಿಬಿಟ್ಟು, ಉರಿಯನ್ನು ಸಣ್ಣಗೆ ಇಟ್ಟನು. ಪತ್ರಿಕೆಯಲ್ಲಿ ಹಾಗೇ ಇತ್ತು. ಸಣ್ಣ ಉರಿ, ದೊಡ್ಡ ತಾಳ್ಮೆ.

ಒಂದು ಗಂಟೆಯ ಮೇಲೆ ಸೌಟಿನಲ್ಲಿ ರುಚಿ ನೋಡಿದ. ಚಪ್ಪೆ. ಚಪ್ಪೆಯ ಹಿಂದೆ ಒಗರು, ಒಗರಿನ ಹಿಂದೆ ಲವಂಗದ ಉರಿ. ಹಲ್ಲುನೋವಿನ ಔಷಧಿಯನ್ನು ಯಾರೋ ಕೊಡ ನೀರಿಗೆ ಕಲಸಿದ ಹಾಗೆ. ಹರ್ಷೇಂದ್ರನ ಕಣ್ಣು ತಾನಾಗಿ ಬೀರುವಿನ ನೆತ್ತಿಯ ಕಡೆ ಹೊರಳಿತು. ಒಂದೇ ಚಮಚ, ಯಾರಿಗೆ ಗೊತ್ತಾಗುತ್ತದೆ? ಆದರೆ ಮಂಚದ ಮೇಲಿನ ಆ ಊದಿದ ಮುಖ ನೆನಪಾಯಿತು, ಸೋಮವಾರ ನೆನಪಾಯಿತು. ಇಲ್ಲ! ಸೌಟನ್ನು ಕೆಳಗಿಟ್ಟನು. ಈ ಕಥೆಯಲ್ಲಿ ಅವನು ನಿಜವಾಗಿ ಮಾಡಿದ ಸಾಹಸ ಇದೊಂದೇ, ಇದನ್ನು ಯಾರೂ ನೋಡಲಿಲ್ಲ.

ಸೋಸಲು ಬಟ್ಟೆ ಬೇಕಿತ್ತು. ತಾರಸಿಗೆ ಹೋಗಿ ಅಪ್ಪನ ಹಳೆಯ ಪಂಚೆ ತಂದ. ಬಂದು ರುಚಿ ನೋಡಿದರೆ, ಆಶ್ಚರ್ಯ! ಒಗರು ಅಡಗಿತ್ತು. "ಸಣ್ಣ ಉರಿ!" ಎಂದುಕೊಂಡ. ಪಂಚೆಯಲ್ಲಿ ಸೋಸಿ, ಹಿಂಡಿ, ಸಿಪ್ಪೆ ತಿರುಳನ್ನೆಲ್ಲ ಹಿತ್ತಲಿಗೆ ಎಸೆದು, ರಸವನ್ನು ಮತ್ತೆ ಒಲೆಗಿಟ್ಟ. ಹಾಸ್ಟೆಲ್ ಗೆಳೆಯನ ಫೋನ್ ಬಂತು. ಜಗಲಿಗೆ ಹೋಗಿ ಕಾಲು ಗಂಟೆ ಮಾತಾಡಿ ಬಂದ. ಈಗ ರುಚಿಯಲ್ಲಿ ಗಾಂಭೀರ್ಯ ಕೂಡಿತ್ತು. ಸ್ನಾನಕ್ಕೆ ಹೋಗಿ ಬಂದ. ಮಧುರ! ತಪ್ಪಲೆಯ ಕಾಲುಭಾಗಕ್ಕೆ ಇಳಿದು, ಹೊಂಬಣ್ಣ ದಾಟಿ ಕೆಂಪಾಗಿ, ಸೌಟಿಗೆ ಅಂಟುತ್ತಿದ್ದ ಆ ರಸದ ಮುಂದೆ ಅವನು ಕೈಮುಗಿದು ನಿಂತ. ಶಾಖ, ಕಾಲ, ಸಂಯಮ. ಸೇಬಿನ ಒಳಗೆ ಇಷ್ಟು ಸಿಹಿ ಅಡಗಿತ್ತೆಂದು ಯಾರು ತಿಳಿದಿದ್ದರು? ಒಂದು ಪ್ರಬಂಧ ಬರೆಯಬಹುದೆಂದೂ ಅವನಿಗೆ ಅನ್ನಿಸಿತು.

ಸಂಜೆ ನಾಲ್ಕೂವರೆಗೆ ಮೊದಲ ಲೋಟ ಚಲುವೇಗೌಡನ ಕೈಸೇರಿತು. ಮೂಗಿನ ಬಳಿ ಹಿಡಿದ. ಮೂವತ್ತು ವರ್ಷದ ಮೂಗು. ಒಂದು ಗುಟುಕು ಕುಡಿದ. ಮುಖದ ಊತ ಇಳಿಯಿತು.

"ಲೇ ಅರ್ಸ, ಒಳ್ಳೆ ಪಾಕ ಬಂದದೆ ಕಣ್ಲಾ!"

"ಸಕ್ಕರೆ ಒಂದು ಕಾಳೂ ಇಲ್ಲಪ್ಪ."

"ಇಲ್ಲ ಇಲ್ಲ, ಸಕ್ಕರೆ ಎಲ್ಲದೆ ಇದ್ರಲ್ಲಿ!" ಎಂದು ಗೌಡನು ಹೆಂಡತಿ ಕಡೆಗೂ ನೋಡದೆ ತಾಯಿ ಕಡೆಗೂ ನೋಡದೆ ಎಲ್ಲರಿಗಿಂತ ಜೋರಾಗಿ ಒಪ್ಪಿದನು. ಪುಟ್ಟತಾಯಮ್ಮನೂ ಒಪ್ಪಿದಳು. ನಿಂಗಜ್ಜಿಯೂ ಒಪ್ಪಿದಳು. ಮೂವರ ಮುಖದಲ್ಲೂ ಒಂದೊಂದು ಗುಟ್ಟಿನ ಕಳೆ ಇತ್ತು. ಹರ್ಷೇಂದ್ರ ಅದನ್ನು ಅಭಿಮಾನವೆಂದು ಓದಿಕೊಂಡ. ಗೌಡನು ಮಾತ್ರೆ ನುಂಗಿದ. ಎರಡನೆಯ ಲೋಟ ಕುಡಿದ. ತಪ್ಪಲೆಯ ತಳದಲ್ಲಿದ್ದುದನ್ನೂ ಊಟವಾದ ಮೇಲೆ ಕೇಳಿ ತರಿಸಿಕೊಂಡ.

ಮರುದಿನ ಬೆಳಗ್ಗೆ ಬಿಂದು ಬಂದಳು. ಹರ್ಷೇಂದ್ರನ ಅಕ್ಕ; ಎರಡು ಬೀದಿ ಆಚೆ ಗಂಡನ ಮನೆ, ರಕ್ತ ಪರೀಕ್ಷೆಯ ಲ್ಯಾಬಿನಲ್ಲಿ ಕೆಲಸ. ದಿನಾ ಕೆಲಸಕ್ಕೆ ಹೋಗುವ ಮುಂಚೆ ಬಂದು ಅಪ್ಪನ ಬೆರಳು ಚುಚ್ಚಿ ನೋಡುತ್ತಿದ್ದಳು. ಹಿಂದಿನ ದಿನ ನೂರ ಎಂಬತ್ತಾರಕ್ಕೆ ಇಳಿದಿತ್ತು. ಗೌಡನು ಕಣ್ಣುಮುಚ್ಚಿ ದೇವರ ಹೆಸರು ಹೇಳಿದ. ಯಂತ್ರ ಕುಂಯ್ ಎಂದಿತು.

"ಇನ್ನೂರ ಅರವತ್ತೆಂಟು" ಎಂದಳು ಬಿಂದು. "ಏನ್ರೋ ಕೊಟ್ರಿ ಅಪ್ಪಂಗೆ?"

"ಯಂತ್ರ ಕೆಟ್ಟದೆ" ಎಂದ ಹರ್ಷೇಂದ್ರ.

ಇನ್ನೊಂದು ಬೆರಳು. ಇನ್ನೂರ ಎಪ್ಪತ್ತೊಂದು. ಆಗ ಮಂಚದ ಸುತ್ತ ವಿಚಾರಣಾಸಭೆ ಸೇರಿತು.

"ನಾನು ಸಕ್ಕರೆ ಮುಟ್ಟೇ ಇಲ್ಲ ಕಣವ್ವ" ಎಂದಳು ಪುಟ್ಟತಾಯಮ್ಮ. "ಡಬ್ಬಿನೇ ಬೀರು ಮ್ಯಾಲಿತ್ತು. ಇವ್ನು ಬಟ್ಟೆ ತರಕ್ಕೋದಾಗ ರುಚಿ ನೋಡ್ದೆ, ಒಗರೊಗರು. ಮಗ ಅಷ್ಟು ಒದ್ದಾಡ್ತಾನೆ ಅಂತವ ವಸಿ ಬೆಲ್ಲ ಹಾಕ್ದೆ, ಅಷ್ಟೇಯ."

"ಅವ್ವಾ!"

"ಬೆಲ್ಲ ಕಣ್ಲಾ! ಸಾರ್ಗೂ ಹಾಕ್ತೀನಿ, ಪಲ್ಯಕ್ಕೂ ಹಾಕ್ತೀನಿ. ಅದೇನು ಸಕ್ಕರೆನಾ?"

"ಅಯ್ಯೋ, ನೀನೂ ಹಾಕಿದ್ಯಾ?" ಎಂದಳು ನಿಂಗಜ್ಜಿ. "ಅವ್ನು ಪೋನ್ನಾಗೆ ಇದ್ನಲ್ಲ, ಆಗ ನಾನೂ ವಸಿ ಹಾಕ್ದೆ. ಬೆಲ್ಲ ತಂಪು. ಉಷ್ಣ ಆಗ್ಬಾರ್ದು ಅಂತ."

ಎಲ್ಲರೂ ಗೌಡನನ್ನು ನೋಡಿದರು. ಗೌಡನು ಸೂರನ್ನು ನೋಡಿದನು.

"ಅಪ್ಪ, ನೀನ್ ಎದ್ದು ಹೆಂಗೋದೆ?" ಎಂದಳು ಬಿಂದು.

"ವಾಕರ್ ಅದಲ್ಲ" ಎಂದನು ಅಚ್ಚುಬೆಲ್ಲಚಕ್ರವರ್ತಿ, ಸಣ್ಣ ದನಿಯಲ್ಲಿ. "ಹದ ನೋಡಾಣ ಅಂತ ಹೋದೆ. ವಸಿ ಕಮ್ಮಿ ಅನ್ನುಸ್ತು. ಅರ್ಧ ಅಚ್ಚು."

ಹರ್ಷೇಂದ್ರನ ಎದೆ ಉಬ್ಬಿತು. ತನ್ನ ಶಸ್ತ್ರ ನಿಷ್ಕಳಂಕ! ಗಾಯದ ಹೆಬ್ಬೆರಳನ್ನು ಎತ್ತಿ ಅವನು ಮತ್ತೆ ಗರ್ಜಿಸಿದನು: "ಕೇಳಿದಿರಾ, ಲೋಕವೇ! ನನ್ನ ಪಾನೀಯದಲ್ಲಿ ದೋಷವಿರಲಿಲ್ಲ! ದ್ರೋಹವಾದದ್ದು ಮನೆಯೊಳಗಿನಿಂದ! ಈ ಮೂರು ಕೈಗಳು ಬೆಲ್ಲ ಬೆರೆಸದಿದ್ದರೆ—"

"ಸುಮ್ನಿರ್ಲಾ" ಎಂದಳು ಬಿಂದು. "ಎಷ್ಟು ಸೇಬು ಹಾಕ್ದೆ?"

"ನಲವತ್ತಾರು."

"ಎಷ್ಟಕ್ಕೆ ಇಳಿಸ್ದೆ?"

"ಐದಾರು ಲೋಟ."

"ಸಿಪ್ಪೆ, ನಾರು?"

"ಹಿತ್ಲಿಗೆ ಎಸೆದೆ."

"ನಾರು ಹಿತ್ಲಿಗೆ ಹೋಯ್ತು, ನೀರು ಆವಿಯಾಗೋಯ್ತು. ನಲವತ್ತಾರು ಸೇಬಿನ ಸಕ್ಕರೆ ಎಲ್ಲೋಯ್ತು? ಬೀರು ಮ್ಯಾಕಾ? ಲೋಟದಾಗೇ ಉಳೀತಲ್ಲೋ! ಇವ್ರು ಬೆಲ್ಲ ಹಾಕ್ದೇ ಇದ್ರೂ ಏರ್ತಿತ್ತು. ಎಮ್ಮೆಸ್ಸಿನಾಗೆ ಏನ್ ಓದ್ತೀಯ ನೀನು?"

ಹಣ್ಣಿನ ಸಕ್ಕರೆಯ ರಚನೆಯನ್ನು ಚಿತ್ರಸಹಿತ ವಿವರಿಸಿ ಎಂಬ ಹತ್ತು ಅಂಕದ ಪ್ರಶ್ನೆಗೆ ಕಳೆದ ಪರೀಕ್ಷೆಯಲ್ಲಿ ಒಂಬತ್ತು ಅಂಕ ಗಳಿಸಿದ್ದ ವೀರನು ಎತ್ತಿದ್ದ ಹೆಬ್ಬೆರಳನ್ನು ಕೆಳಗಿಳಿಸಿದನು.

ಚಲುವೇಗೌಡನು ಯೋಚಿಸಿ, ನಿಧಾನವಾಗಿ ನಗತೊಡಗಿದನು. "ಹಣ್ಣು ಹಿಂಡ್ದ, ರಸ ಕಾಯಿಸ್ದ, ಅಂಟು ಬರೋಗಂಟ ಇಳಿಸ್ದ. ಅಲ್ಲ ಕಣ್ಲಾ, ಆಲೆಮನೆ ಬ್ಯಾಡ, ಓದ್ತೀನಿ ಅಂತ ಮೈಸೂರ್ಗೋದೆ. ಈಗ ಅದನ್ನೇ ಮಾಡ್ದಲ್ಲ ನೀನು!"

ಬಿಂದು ಬಗ್ಗಿ ಮಂಚದ ಕೆಳಗಿಂದ ಏನನ್ನೋ ಎಳೆದಳು. ನಲವತ್ತೇಳನೆಯ ಸೇಬು, ಧೂಳು ಹಿಡಿದು, ಚೀಟಿ ಸಮೇತ. "ಸೇಬು ತಿನ್ಬ್ಯಾಡ ಅಂತ ಯಾರೂ ಅಂದಿಲ್ಲ. ಇದನ್ನ ತೊಳೆದು ಸಿಪ್ಪೆ ಸಮೇತ ಒಂದು ಹೋಳು ಕೊಡು. ದಿನಕ್ಕೊಂದೇ ಹೋಳು, ಅಷ್ಟೇಯ."

ಹೀಗೆ ನಾಲ್ಕು ದಿನ ನಡೆಯಿತು. ರಾಗಿಮುದ್ದೆ, ಬೆಲ್ಲ ಹಾಕದ್ದೂ ಒಂದು ಸಾರೇ ಎಂದು ಪುಟ್ಟತಾಯಮ್ಮ ದಿನಾ ನೊಂದುಕೊಂಡು ಮಾಡಿದ ಸೊಪ್ಪಿನ ಸಾರು, ಎರಡು ಮಾತ್ರೆ, ಒಂದು ಹೋಳು. ಊಟದ ನಂತರ ನಾಯಕನು ಕೊಟ್ಟ ಮಾತಿನಂತೆ ಪಾತ್ರೆ ಉಜ್ಜಿದನು. ತಪ್ಪಲೆಯ ತಳಕ್ಕೆ ಕಚ್ಚಿದ್ದ ಪಾಕ ಬಿಡಿಸಲು ಒಂದು ಇಡೀ ಮಧ್ಯಾಹ್ನ ಬೇಕಾಯಿತು.

ಸೋಮವಾರ ನೂರ ಐವತ್ತೆರಡು ಬಂತು. ಡಾಕ್ಟರು ಚೀಟಿ ನೋಡಿ, ಗೌಡನ ಮುಖ ನೋಡಿ, "ಎರಡು ಜಾಸ್ತಿ. ಇರಲಿ, ಇನ್ನೊಂದು ವಾರ ನೋಡಿ ಇಂಜೆಕ್ಷನ್ ಯೋಚಿಸೋಣ. ಅಂದ ಹಾಗೆ, ಇಷ್ಟು ಇಳಿಯೋಕೆ ಏನ್ ಮಾಡಿದ್ರಿ?" ಎಂದರು.

"ಏನೂ ಇಲ್ಲ ಸಾರ್" ಎಂದನು ಗೌಡ. "ನಮ್ಮ ಹುಡ್ಗ ಸೇಬು ಹೆಚ್ಚಿಕೊಟ್ಟ."

ಈ ಗಾಥೆಯನ್ನು ಓದಿದವರಿಗೆ ಪುಣ್ಯ ಲಭಿಸುವುದಿಲ್ಲ, ಕೇಳಿದವರ ಪಾಪವೂ ಕಳೆಯುವುದಿಲ್ಲ. ಕಾಯಿಲೆಯವರನ್ನು ನೋಡಲು ಹೊರಟಾಗ ಅವರು ಬರಿಗೈಯಲ್ಲಿ ಹೋದರೆ ಅದೇ ಫಲ.

ಆಸ್ಪತ್ರೆಯಿಂದ ಮನೆಗೆ ಬಂದಾಗ ಮದ್ದೂರಿನ ಸೋದರತ್ತೆ ಜಗಲಿಯ ಮೇಲೆ ಕೂತಿದ್ದಳು. ತೊಡೆಯ ಮೇಲೆ ಪ್ಲಾಸ್ಟಿಕ್ ಚೀಲ. ಚೀಲದಲ್ಲಿ ಆರು ಸೇಬು.

ಹರ್ಷೇಂದ್ರ ಒಂದನ್ನು ತೆಗೆದುಕೊಂಡು ಒಳಗೆ ಹೋದ. ತೊಳೆದು ನಾಲ್ಕು ಹೋಳು ಮಾಡಿದ.

"ಲೇ ಅರ್ಸ" ಎಂದು ಮಂಚದಿಂದ ಕೂಗು ಬಂತು, "ವಸಿ ಉಪ್ಪು ಕಾರನಾದ್ರೂ ಹಾಕ್ಕೊಂಡು ಬಾ."

ಹಾಕಿಕೊಂಡು ಹೋದ.