ಪ್ರತಿಯನ್ನು ಮಾಹಿತಿಗಾಗಿ ಹತ್ತು ಏಜೆಂಟರಿಗೆ

ಪತ್ರ ಬರೆಯುವ ವಿಷಯದಲ್ಲಿ ನನಗೆ ಯಾರೂ ಬುದ್ಧಿ ಹೇಳಬೇಕಾಗಿಲ್ಲ ಎಂದು ಈಚಿನವರೆಗೂ ನಂಬಿದ್ದೆ. ಮೂವತ್ತನಾಲ್ಕು ವರ್ಷ ಸರ್ಕಾರಿ ಕಚೇರಿಯೊಂದರಲ್ಲಿ ಕೂತು ಪತ್ರ ಬರೆದೇ ಅನ್ನ ತಿಂದವನು ನಾನು. ಗುಮಾಸ್ತನಾಗಿ ಸೇರಿ ಸೂಪರಿಂಟೆಂಡೆಂಟ್ ಆಗಿ ನಿವೃತ್ತನಾದೆ. ನಾನು ಬರೆದ ಕರಡಿಗೆ ಮೇಲಧಿಕಾರಿಗಳು ಒಂದು ಅಕ್ಷರವನ್ನೂ ತಿದ್ದದೆ ಸಹಿ ಹಾಕುತ್ತಿದ್ದರು. ಅವರು ಓದುತ್ತಲೇ ಇರಲಿಲ್ಲ ಎಂದು ನನ್ನ ಹೆಂಡತಿ ಗಿರಿಜಾ ಹೇಳುತ್ತಾಳೆ. ಅದು ಬೇರೆ ಮಾತು.

ನಿವೃತ್ತಿಯಾದ ಮೇಲೆ ಕುವೆಂಪುನಗರದ ನಮ್ಮ ಮನೆಯ ಮುಂದಿನ ಕೋಣೆಯಲ್ಲಿ ಕೂತು ಒಂದು ಕಾದಂಬರಿ ಬರೆದೆ. ಒಂದು ಕಡತ ಮೇಜಿನಿಂದ ಮೇಜಿಗೆ ಸಾಗುತ್ತಾ ಇಪ್ಪತ್ತೆರಡು ವರ್ಷ ಕಳೆಯುವ ಕಥೆ. ಆರುನೂರ ಹನ್ನೆರಡು ಪುಟ. ಗಿರಿಜಾ ನಲವತ್ತನೇ ಪುಟದವರೆಗೆ ಓದಿ, "ನಂಗೂ ಆ ಕಡತದ ಜೊತೆ ಇಪ್ಪತ್ತೆರಡು ವರ್ಷ ಕಳೆದಂಗಾಯ್ತು ಕಣ್ರೀ" ಎಂದು ಕನ್ನಡಕ ತೆಗೆದಿಟ್ಟಳು. ನಾನು ಅದನ್ನು ಮೆಚ್ಚುಗೆ ಎಂದೇ ತೆಗೆದುಕೊಂಡೆ.

ನಮ್ಮ ಹಿಂದಿನ ರಸ್ತೆಯಲ್ಲಿ ಸವಿತಾ ಎಂಬುವರಿದ್ದಾರೆ. ಹೈಸ್ಕೂಲಿನಲ್ಲಿ ಇಂಗ್ಲಿಷ್ ಮೇಡಂ. ಅವರೂ ಒಂದು ಕಾದಂಬರಿ ಬರೆದಿದ್ದರು. ಸ್ಕೂಲು, ಅಡುಗೆ, ಮಗಳ ಪರೀಕ್ಷೆ ಎಲ್ಲದರ ಸಂದಿಯಲ್ಲಿ ಸಮಯ ಕದ್ದು ಐದು ವರ್ಷ ಬರೆದದ್ದು. ಮಂಡಕಳ್ಳಿಯ ಚಿಕ್ಕತಾಯಮ್ಮ ಎಂಬ ಹೆಂಗಸು ವಿಮಾನ ನಿಲ್ದಾಣದಲ್ಲಿ ನೆಲ ಒರೆಸುವ ಕೆಲಸ ಮಾಡುತ್ತಾ, ಒಂದೇ ಒಂದು ಸಲ ತಾನೂ ವಿಮಾನ ಹತ್ತಬೇಕು ಎಂದು ಹಟ ಹಿಡಿಯುವ ಕಥೆ. ಅದನ್ನು ಗಿರಿಜಾ ಎರಡೇ ದಿನದಲ್ಲಿ ಮುಗಿಸಿದಳು. ಆ ಎರಡು ದಿನ ನಮ್ಮ ಮನೆಯಲ್ಲಿ ಬರೀ ಚಿತ್ರಾನ್ನ.

ಒಂದು ಭಾನುವಾರ ಬೆಳಿಗ್ಗೆ ಸವಿತಾ ಲ್ಯಾಪ್‌ಟಾಪ್ ಹಿಡಿದುಕೊಂಡು ಬಂದರು.

"ಸಾರ್, ದೆಹಲಿ, ಮುಂಬೈ ಕಡೆ ಲಿಟರರಿ ಏಜೆಂಟ್ ಅಂತ ಇರ್ತಾರೆ. ನಮ್ಮ ಪುಸ್ತಕ ಹಿಡಿಸಿದ್ರೆ ಅವರೇ ದೊಡ್ಡ ಪ್ರಕಾಶಕರ ಹತ್ರ ತಗೊಂಡು ಹೋಗ್ತಾರೆ. ಕನ್ನಡದಿಂದ ಇಂಗ್ಲಿಷಿಗೆ ಮಾಡಿದ್ದನ್ನೂ ನೋಡ್ತಾರಂತೆ. ಮೊದಲ ಮೂರು ಅಧ್ಯಾಯ, ಜೊತೆಗೆ ಒಂದು ಪುಟದ ಪತ್ರ ಕಳಿಸ್ಬೇಕು. ಪತ್ರ ಇಷ್ಟ ಆದ್ರೆ ಮಾತ್ರ ಅಧ್ಯಾಯ ತೆಗೆದು ನೋಡೋದು."

ಅವರು ತಮ್ಮ ಕಾದಂಬರಿಯನ್ನು ಪೂರ್ತಿ ಆಗಲೇ ಇಂಗ್ಲಿಷಿಗೆ ಮಾಡಿ ಮುಗಿಸಿದ್ದರು. ಅದು ಸಾಲದೆಂದು ಬೇಸಿಗೆ ರಜದಲ್ಲಿ ನನಗೆ ಹೇಳದೆ ನನ್ನ ಮೊದಲ ಮೂರು ಅಧ್ಯಾಯಗಳನ್ನೂ ಮಾಡಿ ತಂದಿದ್ದರು. ಇಂಥವರಿಗೆ ನಾನು ಏನಾದರೂ ಮಾಡಬೇಡವೇ?

"ಪತ್ರದ ಚಿಂತೆ ನಿಮಗೆ ಬೇಡಮ್ಮ. ಎರಡೂ ಪತ್ರ ನಾನೇ ಬರೀತೀನಿ" ಎಂದೆ.

ಸವಿತಾ ಸ್ವಲ್ಪ ಹಿಂದೆಮುಂದೆ ನೋಡಿದರು. "ನನ್ನ ಬಗ್ಗೆ ನಾನೇ ಬರ್ಕೊಳ್ಳೋಕೆ ಸಂಕೋಚ ಆಗುತ್ತೆ, ಅದೇನೋ ನಿಜ. ಆದ್ರೆ ಸಾರ್, ಒಬ್ಬೊಬ್ಬ ಏಜೆಂಟ್ ಹತ್ರ ನಮಗೆ ಒಂದೇ ಅವಕಾಶ. ಒಂದ್ಸಲ ಬೇಡ ಅಂದ್ರೆ ಅದೇ ಪುಸ್ತಕ ಮತ್ತೆ ನೋಡಲ್ಲ. ಕತೆ ಯಾರದು, ಅವರಿಗೆ ಏನು ಬೇಕು, ಏನು ಅಡ್ಡ ಬರುತ್ತೆ, ಇಷ್ಟು ಮೊದಲೇ ಹೇಳ್ಬೇಕಂತೆ. ನಮ್ಮ ಬಗ್ಗೆ ಎರಡೇ ಸಾಲು. ಪ್ರತಿಯೊಬ್ಬರಿಗೂ ಅವರ ಹೆಸರಲ್ಲೇ ಬೇರೆಬೇರೆ ಬರೀಬೇಕಂತೆ."

ನಾನು ನಕ್ಕೆ. ಮೂವತ್ತನಾಲ್ಕು ವರ್ಷದ ಅನುಭವ ನಗುವ ನಗು ಅದು. ಆ ನಗು ನೆನಪಾದರೆ ಈಗಲೂ ನನಗೆ ಕಿವಿ ಬಿಸಿಯಾಗುತ್ತದೆ.

ಸೋಮವಾರ ರಾಹುಕಾಲ ಕಳೆಯಲೆಂದು ಕಾದು, ಸ್ನಾನ ಮಾಡಿ ವಿಭೂತಿ ಇಟ್ಟು ಕಂಪ್ಯೂಟರಿನ ಮುಂದೆ ಕೂತೆ. ಕೈ ತಾನಾಗಿ ಓಡಿತು. ಇಂಗ್ಲಿಷಿನಲ್ಲಿ ಬರೆದದ್ದನ್ನು ಇಲ್ಲಿ ಕನ್ನಡದಲ್ಲಿ ಕೊಡುತ್ತೇನೆ. "ವಿಷಯ: ಕಾದಂಬರಿಯೊಂದನ್ನು ಪರಿಗಣಿಸುವ ಕುರಿತು. ಉಲ್ಲೇಖ: ತಮ್ಮ ಜಾಲತಾಣದಲ್ಲಿನ ಸೂಚನೆ. ಮೇಲ್ಕಂಡ ವಿಷಯಕ್ಕೆ ಸಂಬಂಧಿಸಿದಂತೆ, ಸದರಿ ಕಾದಂಬರಿಯ ಮೂರು ಅಧ್ಯಾಯಗಳನ್ನು ಇದರೊಂದಿಗೆ ಲಗತ್ತಿಸಿದ್ದು, ತಾವು ದಯಮಾಡಿ ಪರಿಶೀಲಿಸಿ ಅಗತ್ಯ ಕ್ರಮ ಕೈಗೊಳ್ಳಬೇಕಾಗಿ ಕೋರಲಾಗಿದೆ." ಸವಿತಾ ಅವರ ಪತ್ರವೂ ಇದೇ. ಹೆಸರು ಮಾತ್ರ ಬದಲು. ನನ್ನ ಪತ್ರದಲ್ಲಿ ಹೆಚ್ಚುವರಿಯಾಗಿ ನಿವೃತ್ತಿ ವೇತನ ಮಂಜೂರಾತಿ ಆದೇಶದ ಸಂಖ್ಯೆಯನ್ನೂ ನಮೂದಿಸಿದ್ದೆ. ನಮ್ಮ ಬಗ್ಗೆ ಎರಡು ಸಾಲು ಎಂದಿದ್ದರಲ್ಲ!

ಗಿರಿಜಾ ಕಾಫಿ ತಂದವಳು ಹಿಂದೆ ನಿಂತು ಓದಿದಳು.

"ಇದ್ರಲ್ಲಿ ಚಿಕ್ಕತಾಯಮ್ಮ ಎಲ್ಲಿ?"

"ಲಗತ್ತಿನಲ್ಲಿದ್ದಾಳೆ."

"ನಮ್ಮ ಬೀದಿ ಕೊಳಾಯಿ ಸರಿ ಮಾಡ್ಸಿ ಅಂತ ಬರೆದಿದ್ರಲ್ಲ, ಅದೂ ಇಂಗೇ ಇತ್ತು."

"ಕೊಳಾಯಿ ಸರಿ ಮಾಡಿದ್ರೋ ಇಲ್ವೋ?"

"ಮೂರು ವರ್ಷಕ್ಕೆ."

ಹೆಂಗಸರಿಗೆ ಕಚೇರಿ ಭಾಷೆಯ ಗಾಂಭೀರ್ಯ ತಿಳಿಯದು ಎಂದುಕೊಂಡು ಮುಂದುವರಿದೆ. ಸವಿತಾ ಕೊಟ್ಟಿದ್ದ ಪಟ್ಟಿಯಲ್ಲಿ ಹನ್ನೊಂದು ಏಜೆಂಟರಿದ್ದರು. ಮೊದಲ ಹೆಸರು ದೆಹಲಿಯ ಒಬ್ಬ ಮೇಡಂ ಅವರದು. ಸವಿತಾ ಅದರ ಪಕ್ಕದಲ್ಲಿ ಪೆನ್ಸಿಲಿನಿಂದ ಒಂದು ಚುಕ್ಕೆ ಇಟ್ಟಿದ್ದರು. ಎಲ್ಲರಿಗಿಂತ ಇವರೇ ಸಿಕ್ಕಿದರೆ ಸಾಕು ಎನ್ನುವ ಆಸೆಯ ಚುಕ್ಕೆ.

ಪತ್ರವನ್ನು ಆ ಮೇಡಮ್ಮಿಗೆ ಬರೆದೆ. ಉಳಿದವರಿಗೆ ಏನು ಮಾಡಬೇಕು? ಮೂವತ್ತನಾಲ್ಕು ವರ್ಷ ಏನು ಮಾಡಿದ್ದೆನೋ ಅದನ್ನೇ ಮಾಡಿದೆ. ಸಹಿಯ ಕೆಳಗೆ, "ಪ್ರತಿಯನ್ನು ಮಾಹಿತಿಗಾಗಿ ಸಲ್ಲಿಸಿದೆ" ಎಂದು ಬರೆದು ಹತ್ತೂ ಜನರ ಹೆಸರು, ವಿಳಾಸ ಸಾಲಾಗಿ ಹಾಕಿದೆ. ಎರಡು ಪತ್ರಕ್ಕೆ ಎರಡು ಮೇಲ್ ಯಾಕೆಂದು, ಒಂದೇ ಟಪಾಲಿನಲ್ಲಿ ಕಳಿಸುವ ಪದ್ಧತಿಯಂತೆ, ಒಂದೇ ಮೇಲ್‌ಗೆ ಎರಡನ್ನೂ ಲಗತ್ತಿಸಿದೆ. ಗುಂಡಿ ಒತ್ತಿದೆ. ಒಂದೇ ಏಟಿಗೆ ಹನ್ನೊಂದು ಏಜೆಂಟರು!

ಉತ್ತರಕ್ಕೆ ಎಂಟು ವಾರ ಕಾಯಬೇಕು ಎಂದು ಅವರ ಜಾಲತಾಣಗಳಲ್ಲಿ ಬರೆದಿತ್ತು. ಆದರೆ ಹದಿನೈದು ದಿನ ಉತ್ತರ ಬಾರದ ಪತ್ರಕ್ಕೆ ಜ್ಞಾಪನ ಕಳಿಸದವನನ್ನು ನಮ್ಮ ಕಚೇರಿಯಲ್ಲಿ ಸೋಮಾರಿ ಎನ್ನುತ್ತಿದ್ದರು. ಹದಿನಾರನೇ ದಿನ ಮೊದಲನೇ ಜ್ಞಾಪನ ಹೋಯಿತು. ಅದಾದ ವಾರಕ್ಕೆ ಎರಡನೆಯದು, ಅಂತಿಮ ಜ್ಞಾಪನ. "ಏಳು ದಿನಗಳೊಳಗೆ ಉತ್ತರ ಬಾರದಿದ್ದಲ್ಲಿ, ಈ ವಿಷಯದಲ್ಲಿ ತಮ್ಮ ಸಮ್ಮತಿ ಇದೆಯೆಂದು ಭಾವಿಸಿ ಮುಂದಿನ ಕ್ರಮ ಕೈಗೊಳ್ಳಲಾಗುವುದು." ಏಳು ದಿನ ಕಳೆಯಿತು. ಯಾರೂ ಉತ್ತರಿಸಲಿಲ್ಲ. ನಿಯಮದ ಪ್ರಕಾರ ಹನ್ನೊಂದೂ ಜನ ನಮ್ಮನ್ನು ಒಪ್ಪಿಕೊಂಡಿದ್ದರು.

ಆ ಸಂಜೆ ಸವಿತಾ ಬಂದರು. ಗಿರಿಜಾ ಕಾಫಿ ಕೊಟ್ಟಳು.

"ಇವತ್ತು ಒಂದು ಕಡೆ ಓದಿದೆ ಸಾರ್. ಯಾರೋ ಒಬ್ಬರು ಎಲ್ಲಾ ಏಜೆಂಟರಿಗೂ ಒಂದೇ ಮೇಲ್‌ನಲ್ಲಿ ಕಳಿಸಿಬಿಟ್ರಂತೆ. ಒಬ್ಬರೂ ತೆಗೆದು ಕೂಡ ನೋಡಲಿಲ್ವಂತೆ. ಪಾಪ ಅನ್ನಿಸ್ತು."

"ಪಾಪ" ಎಂದೆ.

"ನಮ್ಮದು ಹಂಗಾಗಲ್ಲ. ನೀವು ಬೇರೆಬೇರೆ ಕಳಿಸಿದ್ದೀರಲ್ಲ."

ಅವರು ಪ್ರಶ್ನೆ ಕೇಳಲಿಲ್ಲ. ಕೇಳಿದ್ದರೆ ಬಹುಶಃ ನಿಜ ಹೇಳುತ್ತಿದ್ದೆ. ನಂಬಿಕೆಯಿಂದ ಹೇಳಿದರು. ನಾನು ಲೋಟದೊಳಗೆ ಮುಖ ಹಾಕಿ "ಹ್ಞೂಂ" ಎಂದೆ.

ಅಂದಿನಿಂದ ನನಗೆ ಅನ್ನ ರುಚಿಸಲಿಲ್ಲ. ಫೋನು ಟಿಣ್ ಎಂದರೆ ಸವಿತಾ ಇರಬೇಕೆಂದು ಬೆಚ್ಚುತ್ತಿದ್ದೆ. ನೋಡಿದರೆ ಗ್ಯಾಸ್ ಸಿಲಿಂಡರ್ ಸಂದೇಶ. ಬೆಳಗಿನ ವಾಕಿಂಗಿಗೆ ಹಿಂದಿನ ರಸ್ತೆ ಬಿಟ್ಟು ಸುತ್ತು ಹಾಕಿಕೊಂಡು ಹೋಗತೊಡಗಿದೆ. ದೂರದಲ್ಲಿ ಸ್ಕೂಟರಿನ ಮೇಲೆ ಸೀರೆ ಕಂಡರೆ ಅಂಗಡಿಯೊಳಗೆ ನುಗ್ಗುತ್ತಿದ್ದೆ. ಹಾಗೆ ಒಂದು ದಿನ ಬಳೆ ಅಂಗಡಿಗೆ ನುಗ್ಗಿ, ಏನು ಬೇಕು ಸಾರ್ ಎಂದು ಕೇಳಿದ್ದಕ್ಕೆ ಒಂದು ಡಜನ್ ಹಸಿರು ಬಳೆ ತಂದೆ. ಗಿರಿಜಾಳಿಗೆ ಆಗಲೇ ಅನುಮಾನ ಬಂದದ್ದು. ಮದುವೆಯಾದ ಮೇಲೆ ನಾನು ಬಳೆ ತಂದವನೇ ಅಲ್ಲ.

ನನ್ನ ಪುಸ್ತಕ ಹೋದರೆ ಹೋಗಲಿ, ಅದನ್ನು ಓದುವವರು ಮೊದಲೂ ಇರಲಿಲ್ಲ. ಆ ಹೆಂಗಸಿನ ಐದು ವರ್ಷವನ್ನು ಹಾಳು ಮಾಡಿದೆನಲ್ಲ ಎನ್ನುವುದು ನನ್ನನ್ನು ತಿನ್ನುತ್ತಿತ್ತು. ಹೇಗಾದರೂ ಸರಿಪಡಿಸಬೇಕು. ಕಚೇರಿಯಲ್ಲಿ ತಪ್ಪು ಪತ್ರ ಹೋದರೆ ಅದಕ್ಕೂ ಒಂದು ದಾರಿ ಇತ್ತು. ಕೂತು ಬರೆದೆ: "ಉಲ್ಲೇಖಿತ ಪತ್ರ ಹಾಗೂ ಎರಡು ಜ್ಞಾಪನಗಳನ್ನು ಈ ಮೂಲಕ ಹಿಂಪಡೆಯಲಾಗಿದ್ದು, ಅವುಗಳನ್ನು ತಾವು ನೋಡಿಯೇ ಇಲ್ಲವೆಂದು ಪರಿಗಣಿಸಲು ಕೋರಿದೆ. ಒಂದೇ ಪತ್ರವನ್ನು ಎಲ್ಲರಿಗೂ ಕಳಿಸಿದ್ದಕ್ಕೆ ವಿಷಾದಿಸಲಾಗಿದೆ." ಗುಂಡಿ ಒತ್ತಿದ ಮೇಲೆ ಸಹಿಯ ಕೆಳಗೆ ಕಣ್ಣು ಹೋಯಿತು.

ಪ್ರತಿಯನ್ನು ಮಾಹಿತಿಗಾಗಿ. ಹತ್ತೂ ಜನರಿಗೆ.

ನಾನು ಕುರ್ಚಿಯಲ್ಲಿ ಹಾಗೇ ಕೂತುಬಿಟ್ಟೆ. ಗಿರಿಜಾ ಬಂದು ಮುಖ ನೋಡಿದಳು.

"ಏನ್ ಮಾಡ್ಬುಟ್ರಿ, ಹೇಳ್ಬುಡಿ."

ಹೇಳಿದೆ. ಬಳೆಯ ಸಂಗತಿಯನ್ನೂ ಸೇರಿಸಿ ಹೇಳಿದೆ. ಅವಳು ಬೈಯಲಿಲ್ಲ. ಬೈದಿದ್ದರೆ ಎಷ್ಟೋ ಹಗುರಾಗುತ್ತಿತ್ತು. "ಚಪ್ಪಲಿ ಹಾಕ್ಕೊಳ್ಳಿ. ಅವರ ಮನೆಗೆ ನಡೀರಿ" ಎಂದಳು.

ಸವಿತಾ ಹಜಾರದಲ್ಲಿ ಕೂತು ಉತ್ತರ ಪತ್ರಿಕೆ ತಿದ್ದುತ್ತಿದ್ದರು. ನಾನು ನಿಂತೇ ಒಪ್ಪಿಸಿದೆ. ಪತ್ರ, ಜ್ಞಾಪನ ಒಂದು, ಜ್ಞಾಪನ ಎರಡು, ಹಿಂಪಡೆಯುವ ಪತ್ರ. ಅವರ ಕೈಯಲ್ಲಿದ್ದ ಕೆಂಪು ಪೆನ್ನು ನಿಂತಿತು.

"ಹನ್ನೊಂದು ಜನಕ್ಕೂ?"

"ಹನ್ನೊಂದು ಜನಕ್ಕೂ."

"ದೆಹಲಿಯವರಿಗೂ?"

"ಅವರ ಹೆಸರಿಗೇ ಬರೆದದ್ದು. ಉಳಿದವರಿಗೆ ಪ್ರತಿ."

ಅವರು ಪೆನ್ನಿನ ಮುಚ್ಚಳ ಹಾಕಿದರು. ಒಳಗೆ ಮಗಳು ಪಾಠ ಓದುವ ಸದ್ದು ಕೇಳುತ್ತಿತ್ತು. "ಐದು ವರ್ಷ ಸಾರ್" ಎಂದರು. ಅಷ್ಟೇ. ನನ್ನ ಸೇವಾವಧಿಯಲ್ಲಿ ಎರಡು ಸಲ ನನಗೆ ಕಾರಣ ಕೇಳುವ ನೋಟೀಸು ಬಂದಿತ್ತು. ಎರಡಕ್ಕೂ ಮೂರು ಮೂರು ಪುಟ ಉತ್ತರ ಕೊಟ್ಟಿದ್ದೆ. ಇದಕ್ಕೆ ಒಂದೇ ಮಾತು. "ತಪ್ಪಾಯ್ತಮ್ಮ" ಎಂದೆ. ನಾನು ಬದುಕಿನಲ್ಲಿ ಬರೆದ, ಆಡಿದ ವಾಕ್ಯಗಳಲ್ಲಿ ಉಲ್ಲೇಖ, ಲಗತ್ತು ಇಲ್ಲದ ಮೊದಲ ವಾಕ್ಯ ಅದೇ ಇರಬೇಕು.

ಉತ್ತರ ಪತ್ರಿಕೆಗಳನ್ನು ಪಕ್ಕಕ್ಕಿಟ್ಟು ಸವಿತಾ ಕೇಳಿದರು, "ಆ ಮೇಡಮ್ಮಿಗೆ ನಾನೇ ಒಂದು ಬರೀಲಾ? ನಡೆದಿದ್ದನ್ನ ಇದ್ದಂಗೇ ಹೇಳ್ತೀನಿ. ನಿಮಗೆ ಬೇಜಾರಾದ್ರೂ ಹೇಳ್ತೀನಿ."

"ಬರೀರಿ. ನನ್ನ ಮೇಲೇ ಹಾಕಿ."

"ಬೇರೆ ಯಾರ ಮೇಲೆ ಹಾಕ್ಲಿ ಸಾರ್" ಎಂದರು. ನಗಲಿಲ್ಲ.

ಅಲ್ಲೇ ಕೂತು ಬರೆದರು. ಗಿರಿಜಾ ಪಕ್ಕದಲ್ಲಿದ್ದಳು. ನನ್ನನ್ನು ಕೀಲಿಮಣೆಯಿಂದ ಐದು ಅಡಿ ದೂರದ ಕುರ್ಚಿಯಲ್ಲಿ ಕೂರಿಸಿದ್ದರು. ಬರೆದದ್ದನ್ನು ಗಟ್ಟಿಯಾಗಿ ಓದಿದರು. ಮೊದಲ ಸಾಲು ಹೀಗಿತ್ತು: "ವಿಮಾನ ನಿಲ್ದಾಣದ ನೆಲವನ್ನು ಹತ್ತು ವರ್ಷ ಒರೆಸಿದ ಚಿಕ್ಕತಾಯಮ್ಮನಿಗೆ ಒಂದು ಸಲ ಆ ಗಾಜಿನ ಬಾಗಿಲಿನ ಆಚೆಗೆ ಹೋಗಬೇಕು." ಅಡ್ಡ ಬರುವವರು ಯಾರು ಎಂದು ಇನ್ನು ಮೂರು ಸಾಲು. ತಮ್ಮ ಬಗ್ಗೆ ಎರಡು. ಕೊನೆಯಲ್ಲಿ, ಈ ಮೊದಲು ಬಂದ ನಾಲ್ಕು ಪತ್ರಗಳು ನನ್ನವಲ್ಲ, ನನಗೆ ಒಳ್ಳೆಯದು ಮಾಡಬೇಕೆಂದಿದ್ದ ನೆರೆಯವರವು ಎಂದು. ಆ 'ಒಳ್ಳೆಯದು' ಎಂಬ ಮಾತು ಕೇಳಿ ನನಗೆ ತಲೆ ಎತ್ತಲಾಗಲಿಲ್ಲ. ಮುಕ್ಕಾಲು ಪುಟ. ಒಬ್ಬರಿಗೆ ಮಾತ್ರ ಹೋಯಿತು.

ಆಮೇಲಿನ ಐದು ವಾರ ನಾನು ಹೇಗೆ ಕಳೆದೆನೋ ನನಗೇ ಗೊತ್ತು. ಹದಿನಾರನೇ ದಿನ ಜ್ಞಾಪನ ಕಳಿಸಲು ಬೆರಳು ತುರಿಸಿತು. ಗಿರಿಜಾ ಕಂಪ್ಯೂಟರಿನ ವೈರು ಕಿತ್ತು ಅಕ್ಕಿ ಡಬ್ಬದಲ್ಲಿಟ್ಟಳು.

ಒಂದು ಮಧ್ಯಾಹ್ನ ಸವಿತಾ ಸ್ಕೂಲಿನಿಂದ ಸೀದಾ ನಮ್ಮ ಮನೆಗೆ ಬಂದರು. ಹೆಲ್ಮೆಟ್ ಕೂಡ ತೆಗೆದಿರಲಿಲ್ಲ. "ಪೂರ್ತಿ ಕಾದಂಬರಿ ಕಳಿಸಿ ಅಂದಿದ್ದಾರೆ ಸಾರ್" ಎಂದರು. ಇನ್ನೂ ಒಪ್ಪಿಲ್ಲ, ಓದಿ ಹೇಳುತ್ತಾರೆ, ಅಷ್ಟೇ. ಆದರೂ ಗಿರಿಜಾ ಅವರ ಕೈ ಹಿಡಿದುಕೊಂಡು ಅತ್ತಳು. ನಾನು ನೀರು ತರುವ ನೆಪದಲ್ಲಿ ಅಡುಗೆಮನೆಗೆ ಹೋಗಿ ಅಲ್ಲಿ ಸ್ವಲ್ಪ ಹೊತ್ತು ನಿಂತಿದ್ದು ಬಂದೆ.

"ನಿಮಗೂ ಒಂದು ಮೇಲ್ ಕಳಿಸಿದ್ದೀನಿ ಅಂತ ಬರೆದಿದ್ದಾರೆ. ನೋಡಿ" ಎಂದರು ಸವಿತಾ.

ಅಕ್ಕಿ ಡಬ್ಬದಿಂದ ವೈರು ಬಂತು. ನಿಜ! ದೆಹಲಿಯ ಮೇಡಂ ನನಗೇ, ನನ್ನ ಹೆಸರಿಗೇ ಬರೆದಿದ್ದರು. ನಿಮ್ಮ ಕಾದಂಬರಿ ನಮಗೆ ಹೊಂದುವುದಿಲ್ಲ, ಕ್ಷಮಿಸಿ. ಆದರೆ ನಿಮ್ಮ ಪತ್ರ, ಜ್ಞಾಪನಗಳು ಮತ್ತು ಹಿಂಪಡೆಯುವ ಪತ್ರವನ್ನು ನಮ್ಮ ಕಚೇರಿಯಲ್ಲಿ ಎಲ್ಲರೂ ಓದಿದ್ದೇವೆ. ಹೊಸ ಲೇಖಕರಿಗೆ ಸಲಹೆ ಕೊಡುವ ನಮ್ಮ ಪುಟದಲ್ಲಿ, ಹೆಸರು, ಊರು ತೆಗೆದು, ಅವನ್ನು ಮಾದರಿಯಾಗಿ ಹಾಕಲು ತಮ್ಮ ಅನುಮತಿ ಬೇಕು.

"ಮಾದರಿ" ಎಂದು ಎರಡು ಸಲ ಗಟ್ಟಿಯಾಗಿ ಓದಿದೆ. ಗಿರಿಜಾ ಮುಂದಿನ ಸಾಲು ತೋರಿಸಿದಳು. ಆ ಪುಟದ ಹೆಸರು 'ಹೀಗೆ ಬರೆಯಬೇಡಿ'.

ಅನುಮತಿ ಕೊಟ್ಟೆ. ನನ್ನ ಆರುನೂರ ಹನ್ನೆರಡು ಪುಟಗಳನ್ನು ಇವತ್ತಿಗೂ ಯಾರೂ ಪೂರ್ತಿ ಓದಿಲ್ಲ. ಆ ನಾಲ್ಕು ಪತ್ರಗಳನ್ನು ಮಾತ್ರ ಪುಸ್ತಕ ಬರೆಯಬೇಕೆನ್ನುವ ಯಾರ್ಯಾರೋ ದಿನಾ ಓದುತ್ತಿದ್ದಾರೆ. ಮೂವತ್ತನಾಲ್ಕು ವರ್ಷ ಯಾರೂ ಓದದ ಪತ್ರ ಬರೆದವನಿಗೆ ಇಷ್ಟು ಓದುಗರು ಸಾಕು. ಅಂದಹಾಗೆ, ಅನುಮತಿ ಪತ್ರವನ್ನು ನಾನು ಹೇಳಿದೆ, ಗಿರಿಜಾ ಬರೆದಳು. ಸಹಿಯ ಕೆಳಗೆ ಬರುವ ಹೊತ್ತಿಗೆ ನನ್ನನ್ನು ಹಾಲು ತರಲು ಕಳಿಸಿದ್ದಳು.