ಎಣ್ಣೆ ಹಚ್ಚಿದ ರಾಡು, ಸಡಿಲ ಚಿಲಕ

ನಮ್ಮ ಮನೆಯಲ್ಲಿ ತುಕ್ಕು ಹಿಡಿಯದೆ ಉಳಿದಿರುವುದು ಎರಡೇ. ಒಂದು ನನ್ನ ಹೆಂಡತಿಯ ನಾಲಿಗೆ, ಇನ್ನೊಂದು ನನ್ನ ಕಸರತ್ತಿನ ಸಾಮಾನು. ಮೊದಲನೆಯದಕ್ಕೆ ಯಾರ ಆರೈಕೆಯೂ ಬೇಕಿಲ್ಲ. ಎರಡನೆಯದನ್ನು ಮಾತ್ರ ನಾನು ಕಣ್ಣಿಗೆ ಎಣ್ಣೆ ಬಿಟ್ಟುಕೊಂಡು ಕಾಯುತ್ತಾ ಬಂದಿದ್ದೇನೆ. (ಕಣ್ಣಿಗೆ ಬಿಟ್ಟು ಮಿಕ್ಕಿದ ಎಣ್ಣೆಯನ್ನೆಲ್ಲ ಅದಕ್ಕೇ ಹಾಕಿದ್ದೇನೆ.)

ನಾನು ಬಸ್ ಡಿಪೋದಲ್ಲಿ ಸ್ಟೋರ್ ಕೀಪರ್, ಎಂದರೆ ಬಿಡಿಭಾಗಗಳ ಉಗ್ರಾಣಾಧಿಪತಿ. ಮೆಕ್ಯಾನಿಕ್ ಬಂದು ಒಂದು ಬೇರಿಂಗ್ ಕೇಳಿದರೆ ನನ್ನ ಕರುಳು ಚುರುಕ್ಕೆನ್ನುತ್ತದೆ. ಕಪಾಟಿನಲ್ಲಿದ್ದಾಗ ಫಳಫಳ ಹೊಳೆಯುತ್ತಿದ್ದ ಬೇರಿಂಗು ಬಸ್ಸಿಗೆ ಹೋದ ಮೇಲೆ ಏನಾಗುತ್ತದೆ ಎಂದು ನೀವೇ ನೋಡಿದ್ದೀರಿ. ಸಾಮಾನು ಕೆಡುವುದೇ ಉಪಯೋಗಿಸುವುದರಿಂದ. ಇದು ನನ್ನ ಸೇವಾವಧಿಯ ಸಾರ.

ಎರಡು ವರ್ಷದ ಹಿಂದೆ ಡಾಕ್ಟರು ನನ್ನ ಹೊಟ್ಟೆ ನೋಡಿ, "ಸ್ವಲ್ಪ ಭಾರ ಎತ್ತೋದು ಅಭ್ಯಾಸ ಮಾಡಿಕೊಳ್ಳಿ" ಎಂದರು. ಅಂಗಡಿಗೆ ಹೋಗಿ ಮಲಗುವ ಬೆಂಚು, ಸ್ಟ್ಯಾಂಡು, ಉದ್ದನೆಯ ರಾಡು, ಅದಕ್ಕೆ ಸಿಕ್ಕಿಸುವ ಕಬ್ಬಿಣದ ಪ್ಲೇಟುಗಳು, ಎಲ್ಲವನ್ನೂ ತಂದೆ. "ಮೊಮ್ಮಕ್ಕಳ ಕಾಲಕ್ಕೂ ಅಲ್ಲಾಡಲ್ಲ ಸಾರ್" ಎಂದ ಅಂಗಡಿಯವನು. ಆ ಮಾತು ನನ್ನ ಮನಸ್ಸಿಗೆ ನಾಟಿತು. ಮೊಮ್ಮಕ್ಕಳ ಕಾಲಕ್ಕೆ ಉಳಿಯಬೇಕಾದದ್ದನ್ನು ನಾನು ಈಗಲೇ ಮುಟ್ಟಿ ಸವೆಸುವುದು ನ್ಯಾಯವೇ?

ಹಾಗಾಗಿ ಮುಟ್ಟಲಿಲ್ಲ. ಎಂದರೆ, ಎತ್ತಲಿಲ್ಲ. ಪ್ರತಿ ಭಾನುವಾರ ಬೆಳಿಗ್ಗೆ ಕೋಣೆಯ ಬಾಗಿಲು ಹಾಕಿಕೊಂಡು ರಾಡನ್ನು ಉಜ್ಜಿ, ಎಣ್ಣೆ ಹಚ್ಚಿ, ಬೋಲ್ಟುಗಳನ್ನು ಬಿಗಿದು, ಕೊನೆಗೆ ಹಳೆಯ ಹೊದಿಕೆ ಹೊದಿಸುತ್ತಿದ್ದೆ. ನಡುವೆ ಆಯಾಸವಾದರೆ ಅದೇ ಬೆಂಚಿನ ಮೇಲೆ ಮಲಗಿ ಪೇಪರ್ ಓದುತ್ತಿದ್ದೆ. ಹೊರಗಿನವರಿಗೆ ಕೇಳುತ್ತಿದ್ದುದು ಸ್ಪ್ಯಾನರಿನ ಟಣಟಣ. ಕಸರತ್ತು ಎಂದುಕೊಂಡರೆ ಅದು ಅವರ ತಪ್ಪು, ನನ್ನದಲ್ಲ. ಮನೆಯವರಿಗೆ ಮಾತ್ರ ಕಟ್ಟಪ್ಪಣೆ ಮಾಡಿದ್ದೆ: ಯಾರೂ ಮುಟ್ಟಕೂಡದು, ಕೈಬೆವರು ಕಬ್ಬಿಣಕ್ಕೆ ವಿಷ.

ಇಷ್ಟಾದರೂ ವಿಚಿತ್ರಗಳು ನಡೆಯುತ್ತಿದ್ದವು. ಈ ವಾರ ಬಿಗಿದ ಬೋಲ್ಟು ಮುಂದಿನ ವಾರ ಸಡಿಲ. ರಾಡಿನ ಮೇಲೆ ಎರಡು ಕಡೆ, ಸರಿಯಾಗಿ ಅಂಗೈ ಅಗಲಕ್ಕೆ, ನಾನು ಉಜ್ಜಿ ತೆಗೆದಷ್ಟೂ ಮರಳುವ ಕೆಂಪು ತುಕ್ಕು. ಕಳಪೆ ಮಾಲು ಎಂದು ಅಂಗಡಿಯವನ ಮೇಲೆ ಜಗಳಕ್ಕೆ ಹೋದೆ. ಅವನು ನಾನು ತೆಗೆದಿದ್ದ ಫೋಟೋ ನೋಡಿ, "ಇದು ಬೆವರಿನ ತುಕ್ಕು ಸಾರ್. ಭರ್ಜರಿಯಾಗಿ ಎತ್ತುತ್ತಿದ್ದೀರಿ" ಎಂದು ನನ್ನ ತೋಳನ್ನೊಮ್ಮೆ ಅನುಮಾನದಿಂದ ನೋಡಿದ. ನಾನು ಶರ್ಟಿನ ತೋಳು ಇಳಿಸಿಕೊಂಡು ಗಂಭೀರವಾಗಿ ತಲೆಯಾಡಿಸಿ ಬಂದುಬಿಟ್ಟೆ. ಹೊಗಳಿಕೆಯನ್ನು ವಾಪಸ್ ಕೊಡುವ ಪದ್ಧತಿ ನಮ್ಮ ಸ್ಟೋರಿನಲ್ಲಿಲ್ಲ. ಇನ್ನೊಮ್ಮೆ ಬೆಂಚಿನ ಸಂದಿಯಲ್ಲಿ ಹಸಿ ಬಟಾಣಿ ಕಾಳು ಸಿಕ್ಕಿತು. ಇಲಿಯ ಕೆಲಸ ಎಂದು ಬೆಂಚಿನ ಕಾಲ ಬಳಿ ಫಟ್ಟನೆ ಬಡಿಯುವ ಇಲಿಬೋನು ಇಟ್ಟೆ. ರಾಡಿನಲ್ಲಿ ಎರಡಿದ್ದ ಪ್ಲೇಟು ನಾಲ್ಕಾಗಿದ್ದನ್ನೂ ಗಮನಿಸಿದೆ. ಯಾವಾಗಲೋ ನಾನೇ ಹಾಕಿರಬೇಕೆಂದುಕೊಂಡು ನನ್ನ ಮೇಲೆ ನನಗೇ ಗೌರವ ಹೆಚ್ಚಿತು.

ನನ್ನ ಹೆಂಡತಿ ಆಸ್ಪತ್ರೆಯಲ್ಲಿ ನರ್ಸು. ಹಾಸಿಗೆ ಹಿಡಿದವರನ್ನು ಎತ್ತಿ, ಹೊರಳಿಸಿ ಅವಳಿಗೆ ನಡುನೋವು ಬಂದಿತ್ತು. ಹೋದ ವರ್ಷ ಬಗ್ಗಿದರೆ ಏಳಲಾಗುತ್ತಿರಲಿಲ್ಲ. "ವಾರ್ಡಿನ ಕೆಲಸ ಬಿಡಬೇಕಾಗುತ್ತೇನೋ" ಎಂದು ಕಣ್ಣೀರು ಹಾಕಿದ್ದಳು. ನಾನು ಒಂದು ಮುಲಾಮು ತಂದುಕೊಟ್ಟೆ. ಕೆಲವೇ ತಿಂಗಳಲ್ಲಿ ನೋವು ಮಂಗಮಾಯ! ಆ ಮುಲಾಮಿನ ಮಹಿಮೆಯನ್ನು ಇಡೀ ಡಿಪೋಗೆ ಸಾರಿದ್ದೇನೆ.

ಇಂಥ ಉಪಕಾರವನ್ನು ಮರೆತು ಅವಳು ಒಂದು ದಿನ ಊಟಕ್ಕೆ ಕೂತಾಗ ಬಾಂಬು ಹಾಕಿದಳು.

"ರೀ, ಆ ಕೋಣೆ ನಂಗೆ ಬಿಟ್ಟುಕೊಡಿ."

"ಯಾವ ಕೋಣೆ?"

"ನಮ್ಮನೇಲಿ ಇರೋದೇ ಎರಡು. ಒಂದ್ರಲ್ಲಿ ನಾವು ಮಲಗ್ತೀವಿ, ಇನ್ನೊಂದ್ರಲ್ಲಿ ನಿಮ್ಮ ಕಬ್ಬಿಣ ಮಲಗುತ್ತೆ."

"ಅದು ಮಲಗೋ ಕಬ್ಬಿಣ ಅಲ್ಲ ಕಣೇ. ಪ್ರತಿ ಭಾನುವಾರ ಉಪಯೋಗಿಸ್ತೀನಿ."

"ಉಪಯೋಗ ಮಾಡ್ತೀರೋ, ಉಪಚಾರ ಮಾಡ್ತೀರೋ?"

ನಾನು ಸಹಾಯಕ್ಕಾಗಿ ಅಮ್ಮನ ಕಡೆ ನೋಡಿದೆ. ಅಮ್ಮ ಹಾಲಿನಲ್ಲಿ ಟೀವಿಯ ಎದುರಿಗೇ ಹಾಸಿಗೆ ಹಾಸಿಕೊಂಡು ಸುಖವಾಗಿರುವವಳು. ಹೆತ್ತ ಮಗನೆಂಬ ಪಕ್ಷಪಾತ ಅವಳಲ್ಲಿ ಎಳ್ಳಷ್ಟೂ ಇಲ್ಲ. "ಅವಳು ಕೇಳೋದ್ರಲ್ಲಿ ತಪ್ಪೇನಿದೆಯೋ?" ಎಂದಳು.

"ಹೋಗ್ಲಿ," ಎಂದಳು ಹೆಂಡತಿ. "ಬರೋ ಭಾನುವಾರ ಸಂಜೆ ಐದಕ್ಕೆ ನಮ್ಮಣ್ಣ ಬರ್ತಾನೆ. ಅವನ ಎದುರಿಗೆ ಆ ರಾಡನ್ನ ಒಂದೇ ಒಂದು ಸಲ ಎತ್ತಿ ತೋರ್ಸಿ. ಈಗ ಎಷ್ಟು ಪ್ಲೇಟಿದೆಯೋ ಅಷ್ಟೇ ಇರಬೇಕು. ಎತ್ತಿದ್ರೆ ಕೋಣೆ ನಿಮ್ದು. ಇಲ್ಲಾಂದ್ರೆ ಕೋಣೆ, ಅದರೊಳಗಿರೋದು, ಎಲ್ಲಾ ನಂದು."

"ಒಪ್ಪಿದೆ!" ಎಂದೆ. (ಬಾಯಿ ನನ್ನದು, ಮಾತು ಯಾರದ್ದೋ.)

ಒಪ್ಪಿದ ಮೇಲೆ ಅಪಾಯ ಹೊಳೆಯಿತು. ಏಕೆಂದರೆ ಅವಳ ಅಣ್ಣ, ನಮ್ಮ ಭಾವ, ಮನೆ ಸಾಮಾನು ಸಾಗಿಸುವ ವ್ಯಾನಿನ ಯಜಮಾನ. ಅವನು ಸುಮ್ಮನೆ ಕಾಫಿ ಕುಡಿಯಲು ಬರುತ್ತಾನೆಯೇ? ಹಗ್ಗ ಹಾಕಿ ನನ್ನ ಕಬ್ಬಿಣವನ್ನು ಎಳೆದುಕೊಂಡು ಗುಜರಿಗೆ ಹೋಗುವುದು ನನ್ನ ಕಣ್ಣಿಗೆ ಕಟ್ಟಿತು. ಎರಡು ವರ್ಷ ಮಗುವಿನಂತೆ ಒರೆಸಿ ಬೆಳೆಸಿದ ರಾಡು! ನಿಜ ಹೇಳುತ್ತೇನೆ, ಆ ವಾರ ಅನ್ನ ಸೇರಲಿಲ್ಲ.

ಹಾಗಾದರೆ ಅಭ್ಯಾಸ ಮಾಡಿದೆನೇ ಎಂದು ಕೇಳುತ್ತೀರಿ. ಇಲ್ಲ. ಸಿದ್ಧತೆ ಮಾಡಿದೆ. ಸಾಮಾನು ಸುಸ್ಥಿತಿಯಲ್ಲಿದ್ದರೆ ಭಾರ ತಾನಾಗಿಯೇ ಹಗುರವಾಗುತ್ತದೆ ಎಂಬುದು ನನ್ನ ಸಿದ್ಧಾಂತ. ಶನಿವಾರ ಸಂಜೆ ರಾಡಿಗೆ ಡಿಪೋದವರು ಹೊಗಳುವ ಅತ್ಯುತ್ತಮ ಎಣ್ಣೆ ಸವರಿದೆ. ಪ್ಲೇಟು ಅಲ್ಲಾಡದಂತೆ ಎರಡು ತುದಿಯ ಕ್ಲಾಂಪುಗಳನ್ನು ಉದ್ದ ಹಿಡಿಯ ಸ್ಪ್ಯಾನರಿನಿಂದ, ಹಲ್ಲು ಕಚ್ಚಿ ಬಿಗಿದೆ. ಭಾನುವಾರ ಬೆಳಿಗ್ಗೆ, ಹೆಂಡತಿ ಡ್ಯೂಟಿಗೆ ಹೋದ ಮೇಲೆ, ಸ್ಟ್ಯಾಂಡಿನ ಸೇಫ್ಟಿ ರಾಡುಗಳನ್ನು ಬಿಚ್ಚಿದೆ. ಕೈ ಸೋತಾಗ ಭಾರ ಎದೆಗೆ ಬೀಳದಂತೆ ಎರಡೂ ಪಕ್ಕ ತಡೆಯುವ ಅಡ್ಡಕಂಬಿಗಳು ಅವು. ಒಂದರ ಮೇಲೆ ಚಿಕ್ಕ ಗೀರು ಕಂಡಿತ್ತು. ಭಾವನ ಕಣ್ಣಿಗೆ ಗೀರು ಬಿದ್ದರೆ ಮರ್ಯಾದೆ ಏನಾದೀತು? ಎರಡಕ್ಕೂ ಬಣ್ಣ ಹೊಡೆದು ಬಾಲ್ಕನಿಯಲ್ಲಿ ಪೇಪರ್ ಹಾಸಿ ಒಣಗಲು ಇಟ್ಟೆ.

ನಾಲ್ಕು ಗಂಟೆಗೆ ಕೋಣೆಗೆ ಹೋಗಿ ಚಿಲಕ ಹಾಕಿಕೊಂಡೆ. (ಆ ಚಿಲಕದ ಸ್ಕ್ರೂಗಳು ಸಡಿಲವಾಗಿವೆ, ಸರಿಮಾಡಿ ಎಂದು ಹೆಂಡತಿ ಎಷ್ಟೋ ಕಾಲದಿಂದ ಹೇಳುತ್ತಿದ್ದಳು. ಅಂಥ ಸಣ್ಣ ಕೆಲಸಕ್ಕೆ ನನಗೆಲ್ಲಿ ಪುರುಸೊತ್ತು?) ಮೊದಲು ಪ್ಲೇಟು ತೆಗೆದು ಬರಿ ರಾಡನ್ನು ಎತ್ತಿ ನೋಡೋಣ ಎಂದುಕೊಂಡೆ. ಕ್ಲಾಂಪು ಜಪ್ಪಯ್ಯ ಎಂದರೂ ಕದಲಲಿಲ್ಲ. ಅಷ್ಟು ಚೆನ್ನಾಗಿ ಬಿಗಿದಿದ್ದೆ. ಇರಲಿ, ಮಲಗಿ ಬರಿದೇ ಹಿಡಿದು ನೋಡೋಣ ಎಂದು ಬೆಂಚಿನ ಮೇಲೆ ಅಂಗಾತ ಮಲಗಿದೆ.

ಆಗ ಬೀದಿಯಲ್ಲಿ ಪೀಂ ಪೀಂ ಎಂದು ವ್ಯಾನು ಹಿಂದಕ್ಕೆ ಬರುವ ಸದ್ದು ಕೇಳಿತು. ಐದಕ್ಕೆ ಬರಬೇಕಾದ ಭಾವ ಆಗಲೇ ಬಂದಿದ್ದ! ಇನ್ನೈದು ನಿಮಿಷದಲ್ಲಿ ಅವನ ಮುಂದೆ ಎತ್ತಬೇಕು. ಒಂದು ಸಲವಾದರೂ ಎತ್ತಿ ನೋಡದೆ ಹೇಗೆ? ಕಣ್ಣು ಮುಚ್ಚಿ ತಳ್ಳಿದೆ.

ರಾಡು ಸ್ಟ್ಯಾಂಡಿನ ಕೊಕ್ಕೆಯಿಂದ ಬೆಣ್ಣೆಯಂತೆ ಜಾರಿ ಬಂತು. ಎಣ್ಣೆಯ ಮಹಿಮೆ. ಅದೇ ಎಣ್ಣೆಯ ಮಹಿಮೆಯಿಂದ ಅಂಗೈಯೊಳಗೂ ಜಾರಿತು. ಮೊಣಕೈ ಮಡಚಿತು. ರಾಡು ನಿಧಾನವಾಗಿ ಬಂದು ನನ್ನ ಎದೆಯ ಮೇಲೆ ವಿರಾಜಮಾನವಾಯಿತು.

ತಳ್ಳಿದೆ, ಕದಲಲಿಲ್ಲ. ಹೊಟ್ಟೆಯ ಕಡೆ ಉರುಳಿಸೋಣವೆಂದರೆ ಡಾಕ್ಟರು ಆಕ್ಷೇಪಿಸಿದ್ದ ಹೊಟ್ಟೆ ಅಡ್ಡ. ಒಂದು ಕಡೆ ವಾಲಿಸಿ ಪ್ಲೇಟು ಬೀಳಿಸೋಣವೆಂದರೆ ಕ್ಲಾಂಪು ಬಿಗಿ. ಕಿಟಕಿಯಾಚೆ ಬಾಲ್ಕನಿಯಲ್ಲಿ ಸೇಫ್ಟಿ ರಾಡುಗಳು ಹೊಸ ಬಣ್ಣದಲ್ಲಿ ಜಗಜಗ ಹೊಳೆಯುತ್ತಾ ಬಿಸಿಲು ಕಾಯಿಸಿಕೊಳ್ಳುತ್ತಿದ್ದವು. ಕಾಲು ಒದರಿದರೆ ಹೆಬ್ಬೆರಳಿಗೆ ತಂತಿಯೊಂದು ತಾಗಿತು. ಇಲಿಬೋನು! ಕಾಲನ್ನು ಹಾಗೇ ಗಾಳಿಯಲ್ಲಿ ನಿಲ್ಲಿಸಿದೆ. ಉಸಿರು ಅರ್ಧರ್ಧವೇ ಬರುತ್ತಿತ್ತು. ನನಗೆ ನಿಜಕ್ಕೂ ಭಯವಾಯಿತು.

"ಭಾವ ಎಲ್ಲಿ ಅತ್ತೆ?" ಹಾಲಿನಿಂದ ಭಾವನ ದನಿ. (ಅವನಿಗೆ ನಾನೂ ಭಾವನೇ.)

"ಒಳಗೆ ಸಾಹಸ ಮಾಡ್ತಿದಾನೆ," ಎಂದಳು ಅಮ್ಮ.

ಬಾಗಿಲು ಬಡಿದ. "ಭಾವ, ನಾವ್ ಬರೋ ಮೊದ್ಲೇ ಶುರುನಾ?"

"ಹೂಂ." ಅದಕ್ಕಿಂತ ದೊಡ್ಡ ಮಾತಿಗೆ ಉಸಿರಿರಲಿಲ್ಲ.

"ರಾಡು ಮೇಲಿದೆಯಾ?"

"ಮೇಲೇ... ಇದೆ." (ಸುಳ್ಳಲ್ಲ. ನನ್ನ ಮೇಲೆಯೇ ಇತ್ತು.)

"ಭಲೇ! ಇಳಿಸ್ಬೇಡಿ, ವ್ಯಾನಿಂದ ಸಾಮಾನು ತಂದುಬಿಡ್ತೀನಿ," ಎಂದು ಹೊರಟೇಹೋದ.

ಹಗ್ಗ ತರಲು ಹೋಗಿದ್ದಾನೆ ಎಂದು ನನಗೆ ಖಾತ್ರಿಯಾಯಿತು. ಕೂಗಿದರೆ ಪ್ರಾಣ ಉಳಿಯುತ್ತದೆ, ಕೋಣೆ ಹೋಗುತ್ತದೆ, ಕಬ್ಬಿಣ ಗುಜರಿ ಸೇರುತ್ತದೆ, ಮಾನ ಬೀದಿಗೆ ಬರುತ್ತದೆ. ಕೂಗದಿದ್ದರೆ ಮಾನ ಉಳಿಯುತ್ತದೆ, ಆದರೆ ಅದನ್ನು ಅನುಭವಿಸಲು ನಾನಿರುವುದಿಲ್ಲ. ಹೀಗೆ ತೂಗುತ್ತಿರುವಾಗ ಹೆಂಡತಿಯ ಚಪ್ಪಲಿಯ ಸದ್ದು ಕೇಳಿತು. ಬ್ಯಾಗು ಇಟ್ಟಳು. ಬಾಲ್ಕನಿಯ ಕಡೆ ಹೋದಳು. ಅಲ್ಲೇ ನಿಂತಳು.

"ಅತ್ತೆ, ಸೇಫ್ಟಿ ರಾಡು ಎರಡೂ ಇಲ್ಲ್ಯಾಕಿವೆ?"

"ಬೆಳಿಗ್ಗೆ ಬಣ್ಣ ಬಳೀತಿದ್ದ ಕಣೇ."

"ಅಯ್ಯೋ! ಹಾಗಾದ್ರೆ ಒಳಗೆ ಅದಿಲ್ದೇನೇ..." ಓಡಿ ಬಂದು ಬಾಗಿಲು ಗುದ್ದಿದಳು. "ರೀ! ಮಾತಾಡಿ! ರಾಡು ಎಲ್ಲಿದೆ?"

"ಏನಿಲ್ಲ... ಕಣೇ... ವಿಶ್ರಾಂತಿ..." ಎನ್ನುವಷ್ಟರಲ್ಲಿ ಗಾಳಿಯಲ್ಲಿ ನಿಂತಿದ್ದ ಕಾಲು ಸೋತು ಕೆಳಗಿಳಿಯಿತು. ಫಟ್!

ಬೋನು ಹೆಬ್ಬೆರಳನ್ನು ಹಿಡಿಯಿತು. ಎದೆಯಲ್ಲಿ ಉಳಿದಿದ್ದ ಗಾಳಿಯೆಲ್ಲ ಒಂದೇ ಚೀತ್ಕಾರವಾಗಿ ಹೊರಟುಹೋಯಿತು. ಖಾಲಿಯಾದ ಎದೆಯೊಳಕ್ಕೆ ರಾಡು ಇನ್ನಷ್ಟು ಇಳಿಯಿತು. ಮತ್ತೆ ಗಾಳಿ ಎಳೆದುಕೊಳ್ಳಲಾಗಲಿಲ್ಲ. ಕಣ್ಣು ಮಂಜಾಯಿತು.

ಬಾಗಿಲಿಗೆ ಅವಳ ಭುಜ ಒಂದೇ ಸಲ ಬಡಿಯಿತು. ಚಿಲಕ ಸ್ಕ್ರೂಗಳ ಸಮೇತ ಹಾರಿ ಮೂಲೆಗೆ ಬಿತ್ತು. ಅವಳು ನನ್ನ ತಲೆಯ ಹಿಂದೆ ಬಂದು, ಕಾಲು ಅಗಲಿಸಿ, ಬೆನ್ನು ನೆಟ್ಟಗೆ ಮಾಡಿ ರಾಡನ್ನು ಹಿಡಿದಳು.

"ನನ್ ಜೊತೆ ತಳ್ಳಿ. ಹೂಂ!"

ನಾನು ತಳ್ಳಲಿಲ್ಲ. ತಳ್ಳುವವನ ಮುಖವನ್ನಷ್ಟೇ ಮಾಡಿದೆ. ರಾಡು ಮೇಲೆದ್ದು ಟಣ್ಣೆಂದು ಕೊಕ್ಕೆಯ ಮೇಲೆ ಕೂತಿತು. ನಾನು ಗಾಳಿಯನ್ನು ಗಟಗಟ ಕುಡಿದೆ. ಅವಳು ನನ್ನ ನಾಡಿ ನೋಡಿದಳು, ಪಕ್ಕೆಲುಬು ಒತ್ತಿ ನೋಡಿದಳು. ಏನೂ ಆಗಿಲ್ಲವೆಂದು ಖಚಿತವಾದ ಮೇಲೆ ತನ್ನ ಅಂಗೈ ನೋಡಿಕೊಂಡು ಸಿಡಿದೆದ್ದಳು.

"ಮತ್ತೆ ಎಣ್ಣೆ ಹಚ್ಚಿದ್ರಾ? ಹಿಡಿಯೋ ಜಾಗಕ್ಕೆ ಯಾರಾದ್ರೂ ಎಣ್ಣೆ ಹಚ್ತಾರೇನ್ರೀ? ಪ್ರತಿ ಸೋಮವಾರ ಇದನ್ನ ಒರೆಸೋದೇ ನಂಗೊಂದು ಕೆಲಸ!"

ನಾನು ಕಣ್ಣು ಕಣ್ಣು ಬಿಟ್ಟೆ. "ನೀನು... ಸೋಮವಾರ...?"

"ಸೋಮವಾರ ಒಂದೇನಾ?" ಅಮ್ಮ ಬಟಾಣಿಯ ಪಾತ್ರೆ ಹಿಡಿದೇ ಒಳಗೆ ಬಂದಳು. "ನೀನು ಡಿಪೋಗೆ ಹೋಗೋದೇ ತಡ, ಅವಳು ಶುರು. ಎಣಿಸೋಳು ನಾನು. ಒಂದು ಸಲ ಎತ್ತಿದ್ರೆ ಒಂದು ಕಾಯಿ ಸುಲೀತೀನಿ. ಇಲಿಯಂತೆ, ಬೋನಂತೆ!"

"ಆ ನಾಲ್ಕು ಪ್ಲೇಟು?"

"ನಂದೇ. ನಡು ಗಟ್ಟಿಯಾಗ್ಬೇಕಾದ್ರೆ ಭಾರ ಎತ್ಬೇಕು ಅಂತ ನಮ್ಮಾಸ್ಪತ್ರೆ ವ್ಯಾಯಾಮದ ಡಾಕ್ಟ್ರೇ ಹೇಳಿಕೊಟ್ಟಿದ್ದು."

"ನಡುನೋವು ಮುಲಾಮಿಂದ ಹೋಗ್ಲಿಲ್ವಾ?"

"ಮುಲಾಮಿನ ಸೀಲೇ ಒಡೆದಿಲ್ಲ ರೀ. ಕಪಾಟಿನಲ್ಲಿ ಹೊಸದಾಗೇ ಇದೆ, ನಿಮ್ ಸ್ಟೋರಿನ ಸಾಮಾನಿನ ಹಾಗೆ."

"ನಂಗ್ಯಾಕೆ ಹೇಳ್ಲಿಲ್ಲ?"

"ಹೇಳಿದ್ರೆ ಮುಟ್ಟೋಕೆ ಬಿಡ್ತಿದ್ರಾ?"

ಬಗ್ಗಲಾರದೆ ಅಳುತ್ತಿದ್ದವಳು ಇದೇ ಕಬ್ಬಿಣದಿಂದ ಎದ್ದು ನಿಂತಿದ್ದಳು, ಅದೂ ನನ್ನ ಕಣ್ಣು ತಪ್ಪಿಸಿ. ಎದೆಯ ಮೇಲೆ ರಾಡಿದ್ದಾಗ ಆಗದಷ್ಟು ನಾಚಿಕೆ ರಾಡು ಇಳಿದ ಮೇಲೆ ಆಯಿತು. ಅವಳನ್ನು ನೋಡಿ ಒಳಗೊಳಗೇ ಹೆಮ್ಮೆಯೂ ಆಯಿತು, ಆದರೆ ಅದನ್ನು ಹೇಳುವ ಸ್ಥಿತಿಯಲ್ಲಿ ನಾನಿರಲಿಲ್ಲ.

ಅಷ್ಟರಲ್ಲಿ ಭಾವ ಬಾಗಿಲಲ್ಲಿ ಕಾಣಿಸಿಕೊಂಡ. ಕೈಯಲ್ಲಿ ಹಗ್ಗವಿರಲಿಲ್ಲ. ಆಳೆತ್ತರದ ಕನ್ನಡಿಯೊಂದನ್ನು ತಬ್ಬಿಕೊಂಡಿದ್ದ, ಹೆಗಲ ಮೇಲೆ ಸುತ್ತಿದ ರಬ್ಬರ್ ಚಾಪೆ.

"ತಂಗಿ, ಕನ್ನಡಿ ಯಾವ ಗೋಡೆಗೆ? ಚಾಪೆ ಬೆಂಚಿನ ಕೆಳಗೇ ತಾನೇ?"

"ಗುಜರಿಗೆ ಹಾಕಲ್ವಾ?" ಎಂದೆ ಕ್ಷೀಣ ಸ್ವರದಲ್ಲಿ.

"ಗುಜರಿಗಾ?" ಎಂದಳು ಹೆಂಡತಿ. "ಮೊಮ್ಮಕ್ಕಳ ಕಾಲಕ್ಕೂ ಬರೋ ಸಾಮಾನು ಅಂತ ನೀವೇ ಹೇಳ್ತೀರಲ್ರೀ! ಕದ್ದು ಕದ್ದು ಎತ್ತೋದು ಸಾಕಾಗಿತ್ತು, ಅದಕ್ಕೇ ಕೋಣೆ ಕೇಳಿದ್ದು."

ಭಾವ ನನ್ನೆದುರಿಗೇ ಕನ್ನಡಿ ನಿಲ್ಲಿಸಿದ. ಅದರಲ್ಲಿ ಎದೆಯ ಮೇಲೆ ಕೆಂಪು ಪಟ್ಟೆ ಬಿದ್ದ, ಹೆಬ್ಬೆರಳಿನಲ್ಲಿ ಇಲಿಬೋನು ನೇತಾಡುತ್ತಿದ್ದ ಒಬ್ಬ ಉಗ್ರಾಣಾಧಿಪತಿ ಕಂಡ.

"ಒಪ್ಪಂದದ ಪ್ರಕಾರ ಕೋಣೆ, ಒಳಗಿರೋದು ಎಲ್ಲಾ ನಂದು," ಎಂದಳು ಹೆಂಡತಿ, ಬಗ್ಗಿ ಬೋನು ಬಿಡಿಸುತ್ತಾ. "ಒಳಗೆ ನೀವೂ ಇದ್ರಿ. ಆದ್ರಿಂದ ಬೋಲ್ಟು ಬಿಗಿಯೋ ಕೆಲಸ ನಿಮ್ಗೇ. ಎಣ್ಣೆ ಮಾತ್ರ ನಾನು ಹೇಳಿದ ಜಾಗಕ್ಕೆ."

"ನನ್ನ ಡಾಕ್ಟ್ರು ಹೇಳಿದ ಭಾರ?"

"ನಾಳೆಯಿಂದ ಬರಿ ರಾಡು ಕೊಡ್ತೀನಿ. ಪ್ಲೇಟು ಕೇಳ್ಬೇಡಿ, ಸ್ಟಾಕಿಲ್ಲ."

ಮರುದಿನ ಡಿಪೋಗೆ ಹೊರಡುವ ಮೊದಲು, ಕ್ಲಾಂಪುಗಳನ್ನು ಸಡಿಲಿಸಿ, ಸೇಫ್ಟಿ ರಾಡುಗಳನ್ನು ಸ್ವಸ್ಥಾನದಲ್ಲಿ ಕೂರಿಸಿ, ಕೊನೆಗೆ ಆ ಚಿಲಕಕ್ಕೆ ಉದ್ದನೆಯ ಹೊಸ ಸ್ಕ್ರೂಗಳನ್ನು ಹಾಕಿ ಭದ್ರವಾಗಿ ಬಿಗಿದೆ. ಹೆಂಡತಿ ಬಂದು ಎಳೆದು, ಅಲ್ಲಾಡಿಸಿ ನೋಡಿದಳು. "ಈಗ ಸರಿಯಾಯ್ತು. ಮೊದ್ಲು ನನ್ನ ಸರದಿ, ನಿಮ್ಮ ಬರಿ ರಾಡು ಸಂಜೆಗೆ," ಎಂದು ಮೆಚ್ಚಿಕೊಂಡಳು. ಅಮ್ಮ ಬಟಾಣಿ ಪಾತ್ರೆಯೊಂದಿಗೆ ಒಳಗೆ ಹೋದಳು. ನಾನು ಸ್ಪ್ಯಾನರ್ ಎತ್ತಿಡಲು ಹಾಲಿಗೆ ಬಂದೆ. ಹಿಂದಿನಿಂದ ಬಾಗಿಲು ಮುಚ್ಚಿತು, ನಾನು ಬಿಗಿದ ಚಿಲಕ ಒಳಗಿನಿಂದ ಬಿತ್ತು.